ನೀರು ಬಿಟ್ಟುಹೋದ ನೆಲದಲ್ಲಿ ಮುಳುಗಡೆ ನಗರಿಯ ವಿದ್ಯಾರ್ಥಿನಿ: ಓದುಗರ ಪ್ರಶ್ನೆ, ಉತ್ತರ

(ಬಾಗಲಕೋಟೆ ನವನಗರದ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬರು ಇಪ್ಪತ್ತೆರಡು ಸಹಪಾಠಿಗಳು ಹಾಗೂ ಇಬ್ಬರು ಅಧ್ಯಾಪಕರೊಂದಿಗೆ ಕಳೆದ ಜೂನ್ ತಿಂಗಳಲ್ಲಿ ನೆದರ್‌ಲ್ಯಾಂಡ್ಸ್‌ಗೆ ಹನ್ನೆರಡು ದಿನಗಳ ಅಧ್ಯಯನ ಪ್ರವಾಸ ಮಾಡಿ ಬಂದ ಸಂಗತಿಯನ್ನು ಹಿಂದಿನ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಅದನ್ನು ಓದಿದವರು ಕಳುಹಿಸಿದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಅವರೇ ಇಲ್ಲಿ ಉತ್ತರಿಸಿದ್ದಾರೆ. –ಸಂ.)

ಪ್ರಶ್ನೆ: ಹನ್ನೆರಡು ದಿನಗಳಲ್ಲಿ ಒಂದು ದೇಶದ ಜಲ ನಿರ್ವಹಣೆಯನ್ನು ಕಲಿಯಲು ಸಾಧ್ಯವೇ? ಇದು ಅಧ್ಯಯನವೋ, ಅಧ್ಯಯನದ ಹೆಸರಿನ ವಿಹಾರವೋ?
–ನಿವೃತ್ತ ಶಿಕ್ಷಕರು, ಮುಧೋಳ

ಉತ್ತರ: ತಮ್ಮ ಸಂಶಯಕ್ಕೆ ಕಾರಣವಿದೆ, ಸರ್. ಹನ್ನೆರಡರಲ್ಲಿ ಎರಡು ದಿನ ಹೋಗಿ ಬರುವುದಕ್ಕೇ ಕಳೆದವು, ಒಂದೂವರೆ ದಿನ ಅಂಗಡಿಗಳ ಪಾಲಾಯಿತು. ಪ್ರವಾಸದ ವ್ಯವಸ್ಥೆಯನ್ನು ವಹಿಸಿಕೊಂಡಿದ್ದ ಏಜೆನ್ಸಿಯವರು ಚೀಸ್ ಮಾರುವ ಅಂಗಡಿಯೊಂದಕ್ಕೆ ಎರಡು ಗಂಟೆ ಕೊಟ್ಟು, ನಾನು ಊರಿನಿಂದಲೇ ಆಸೆಯಿಟ್ಟುಕೊಂಡು ಹೋಗಿದ್ದ ಸ್ಕೋಕ್‌ಲ್ಯಾಂಡ್‌ಗೆ ನಲವತ್ತು ನಿಮಿಷ ಇಟ್ಟಿದ್ದರು; ನಮ್ಮ ಅಧ್ಯಾಪಕರು ಬಸ್ಸಿನಲ್ಲಿಯೇ ವಾದ ಮಾಡಿ ಅದನ್ನೂ ಎರಡು ಗಂಟೆಗೆ ಏರಿಸಿದರು. ಪ್ರವಾಸದಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನ ಪಾಲು ಆ ಎರಡು ಗಂಟೆಗಳದ್ದಾದುದರಿಂದ ಅದನ್ನೇ ಹೇಳುತ್ತೇನೆ.

ಸ್ಕೋಕ್‌ಲ್ಯಾಂಡ್ ಒಂದು ಕಾಲಕ್ಕೆ ಝೈಡರ್‌ಜೀ ಎಂಬ ಕೊಲ್ಲಿಯ ನಡುವಿನ ಕಿರಿದಾದ ದ್ವೀಪವಾಗಿತ್ತು. ಸಮುದ್ರವು ವರ್ಷದಿಂದ ವರ್ಷಕ್ಕೆ ಅದರ ದಂಡೆಯನ್ನು ಕೊರೆಯುತ್ತ ಬಂದುದರಿಂದ 1859ರಲ್ಲಿ ಸರ್ಕಾರವು ಅಲ್ಲಿನ ಸುಮಾರು 650 ಜನರನ್ನು ಬೇರೆಡೆಗೆ ಸ್ಥಳಾಂತರಿಸಿತು. ಮುಂದೆ 1932ರಲ್ಲಿ 32 ಕಿಲೋಮೀಟರ್ ಉದ್ದದ ಒಡ್ಡು ಕಟ್ಟಿ ಕೊಲ್ಲಿಯ ಬಾಯಿಯನ್ನೇ ಮುಚ್ಚಿದರು. ಅದರೊಳಗೆ ಮತ್ತೊಂದು ಒಡ್ಡು ಕಟ್ಟಿ ನೀರನ್ನು ಪಂಪುಗಳಿಂದ ಎತ್ತಿ ಹೊರಹಾಕಿದಾಗ, 1942ರಲ್ಲಿ, ದ್ವೀಪದ ಸುತ್ತಲಿನ ಸಮುದ್ರತಳವು ಹೊಲವಾಯಿತು. ಜನ ಹೋಗಿ 83 ವರ್ಷಗಳಿಗೆ ನೀರೂ ಹೋಯಿತು. ಈಗ ಅದು ಸಪಾಟು ಹೊಲಗಳ ನಡುವೆ ತುಸು ಎತ್ತರವಾಗಿ ಕಾಣುವ ಹುಲ್ಲಿನ ದಿಬ್ಬ. 1995ರಿಂದ ವಿಶ್ವ ಪರಂಪರೆಯ ತಾಣ. ದಿಬ್ಬದ ಅಂಚಿನಲ್ಲಿ ಅಲೆಗಳನ್ನು ತಡೆಯಲೆಂದು ಒತ್ತೊತ್ತಾಗಿ ನೆಟ್ಟ ಮರದ ಗೂಟಗಳ ಗೋಡೆಯಿದೆ. ಅದಕ್ಕೆ ಕೈಯಾನಿಸಿ ಆಚೆ ನೋಡಿದರೆ, ಅಲೆ ಬಂದು ಬಡಿಯುತ್ತಿದ್ದ ಜಾಗದ ಆಚೆಗೆ ಉಳ್ಳಾಗಡ್ಡಿಯ ಮಡಿಗಳು ಕಣ್ಣು ಹಾಯುವಷ್ಟು ದೂರ ಹಬ್ಬಿದ್ದವು. ಪಕ್ಕದಲ್ಲಿದ್ದ ಬೀಳಗಿಯ ಗೆಳತಿ "ಸಾಲಿನ ಅಂತರ ನಮ್ಮಕಿಂತ ಕಡಿಮಿ ಐತಿ ನೋಡು" ಎಂದಳು.

ನನಗೆ ಅದು ತಿರುಗುಮುರುಗಾದ ಬಾಗಲಕೋಟೆಯಂತೆ ಕಂಡಿತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ಪಾತ್ರ ಹಿಡಿದು ಬಂದು ಅಜ್ಜಿಯ ಓಣಿಯನ್ನು ಸೇರಿದ ಮೇಲೆ ನಮ್ಮ ಮನೆಯವರು ನವನಗರಕ್ಕೆ ಬಂದರು. ನಾನು ಹುಟ್ಟಿದ್ದೇ ಸೆಕ್ಟರ್ ಸಂಖ್ಯೆಯ ವಿಳಾಸದಲ್ಲಿ. ಸ್ಕೋಕ್‌ಲ್ಯಾಂಡ್‌ನ ವಸ್ತುಸಂಗ್ರಹಾಲಯದಲ್ಲಿ ಸ್ವಯಂಸೇವಕರಾಗಿದ್ದ ಹಿರಿಯರೊಬ್ಬರಿಗೆ ಇದನ್ನು ವಿವರಿಸಿದಾಗ ಅವರು ಮರುಕವನ್ನೇನೂ ತೋರಿಸದೆ, "ನಿಮ್ಮ ಅಜ್ಜಿಯ ಮನೆಯ ಹೊಸ್ತಿಲು ನೀರಿಗಿಂತ ಎಷ್ಟು ಮೀಟರ್ ಕೆಳಗಿದೆ?" ಎಂದು ಕೇಳಿದರು. ಆಲಮಟ್ಟಿಯ ಈಗಿನ ಪೂರ್ಣ ಮಟ್ಟ 519.60 ಮೀಟರ್, ಕೃಷ್ಣಾ ಜಲವಿವಾದ ನ್ಯಾಯಾಧಿಕರಣವು 2010ರಲ್ಲಿ ಒಪ್ಪಿದ್ದು 524.256 ಮೀಟರ್ ಎಂಬುದು ನಮ್ಮ ಜಿಲ್ಲೆಯ ಚಹಾದಂಗಡಿಗಳಲ್ಲಿ ಕುಳಿತವರಿಗೂ ಬಾಯಿಪಾಠ. ಆದರೆ ಹೊಸ್ತಿಲಿನ ಮಟ್ಟವನ್ನು ನಾನು ಯಾರನ್ನೂ ಕೇಳಿರಲಿಲ್ಲ. ಊರಿಗೆ ಬಂದು ಅಜ್ಜಿಯನ್ನು ಕೇಳಿದರೆ, "ಮೊದಲನೇ ವರ್ಷ ಕಟ್ಟಿತನಾ ಬಂತು, ಮರುವರ್ಷ ತುಳಸಿಕಟ್ಟಿ ಕಾಣ್ಲಿಲ್ಲ" ಎಂದರು. ಅಜ್ಜಿಯಂಥವರ ಇಂತಹ ಗುರುತುಗಳನ್ನು ಹಳೆಯ ನಕ್ಷೆಗಳ ಮೇಲೆ ಮೀಟರುಗಳಲ್ಲಿ ಕೂರಿಸುವುದು ಈಗ ನನ್ನ ಕೊನೆಯ ವರ್ಷದ ಪ್ರಾಜೆಕ್ಟ್. ಅದು ಅಧ್ಯಯನವೋ ಅಲ್ಲವೋ ಎಂಬುದನ್ನು ತಾವೇ ನಿರ್ಧರಿಸಬೇಕು.

ಪ್ರಶ್ನೆ: ನನ್ನ ಮಗನೂ ಇಂಥದ್ದೇ ಪ್ರವಾಸಕ್ಕೆ ಹೊರಟಿದ್ದಾನೆ. ತಿನ್ನಲು ಏನು ಕಟ್ಟಿ ಕಳುಹಿಸಲಿ? ಅಲ್ಲಿನವರಿಗೆ ಕೊಡಲು ಕುಂದಾ ಒಯ್ಯಬಹುದೇ?
–ಗೃಹಿಣಿ, ಬೆಳಗಾವಿ

ಉತ್ತರ: ಕುಂದಾ ಬೇಡ, ಅಮ್ಮ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರುವಂತಿಲ್ಲ; ಪೇಢೆಗೂ ತುಪ್ಪಕ್ಕೂ ಇದೇ ಮಾತು. ಕಡಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳಿನ ಚಟ್ನಿಪುಡಿ ಸಾಕು. ಅಲ್ಲಿ ಮಧ್ಯಾಹ್ನದ ಊಟವೆಂದರೆ ಬಹುತೇಕ ತಣ್ಣನೆಯ ಬ್ರೆಡ್ ಮತ್ತು ಚೀಸ್. ಬಿಸಿ ಅಡುಗೆ ಸಂಜೆ ಆರರ ಹೊತ್ತಿಗೆ. ಆ ಬ್ರೆಡ್ಡಿನ ಮೇಲೆ ಹಿಂಡಿ ಹಚ್ಚಿಕೊಂಡೇ ನಾವು ದಿನ ದೂಡಿದೆವು. ಡಚ್ ಭಾಷೆಯಲ್ಲಿ ಶೇಂಗಾಕ್ಕೆ 'ಪಿಂಡಾ' ಎನ್ನುತ್ತಾರಾದ್ದರಿಂದ 'ಹಿಂಡಿ' ಎಂಬ ಶಬ್ದ ಅವರ ಬಾಯಿಗೆ ಬಲು ಸುಲಭವಾಗಿ ಬಂತು, ಖಾರ ಮಾತ್ರ ಬರಲಿಲ್ಲ. ನಳದ ನೀರನ್ನು ಹಾಗೆಯೇ ಕುಡಿಯಬಹುದು. ಒಂದು ಖಾಲಿ ಬಾಟಲಿ ಇಟ್ಟು ಕಳುಹಿಸಿ.

ಪ್ರಶ್ನೆ: ಅಲ್ಲಿ ಕಾಲುವೆಯಲ್ಲಿ ನೀರು ಎಷ್ಟು ಮಟ್ಟಕ್ಕೆ ಇರಬೇಕೆಂದು ಯಾರು ನಿರ್ಧರಿಸುತ್ತಾರೆ? ರೈತರ ಮಾತು ನಡೆಯುತ್ತದೆಯೇ?
–ರೈತರು, ಬೀಳಗಿ

ಉತ್ತರ: ಮೊದಲಿಗೆ ಒಂದು ವ್ಯತ್ಯಾಸವನ್ನು ಹೇಳಬೇಕು. ನಮ್ಮಲ್ಲಿ ನೀರನ್ನು ಹಿಡಿದಿಡುವುದು ಕಷ್ಟ, ಅವರಲ್ಲಿ ಹೊರಹಾಕುವುದು. ಆ ದೇಶದ ಸುಮಾರು ನಾಲ್ಕನೇ ಒಂದು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ನಮ್ಮ ವಿಮಾನ ಇಳಿದ ಸ್ಕಿಪೋಲ್ ನಿಲ್ದಾಣವೇ 1852ರಲ್ಲಿ ಬತ್ತಿಸಿದ ಸರೋವರದ ತಳದಲ್ಲಿದೆ. ಹೀಗಾಗಿ ಹೋಲಿಕೆಯನ್ನು ಬಹಳ ದೂರ ಎಳೆಯುವಂತಿಲ್ಲ.

ಅಲ್ಲಿ ನೀರಿನ ಮಟ್ಟವನ್ನು ನಿರ್ಧರಿಸುವುದು 'ವಾಟರ್‌ಸ್ಕಾಪ್' ಎಂಬ ಪ್ರಾದೇಶಿಕ ಜಲಮಂಡಳಿ. ಅಂತಹ ಮಂಡಳಿಗಳು ಈಗ 21 ಇವೆ, ಕೆಲವುಗಳ ಮೂಲ ಹದಿಮೂರನೆಯ ಶತಮಾನಕ್ಕೆ ಹೋಗುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ, ರೈತರಿಗೂ ನಿಸರ್ಗ ರಕ್ಷಣೆಯವರಿಗೂ ಮೀಸಲು ಸ್ಥಾನಗಳಿವೆ, ತೆರಿಗೆಯನ್ನು ಮಂಡಳಿಯೇ ವಿಧಿಸುತ್ತದೆ. ಯಾವ ಪ್ರದೇಶದ ಕಾಲುವೆಯಲ್ಲಿ ಯಾವ ಋತುವಿನಲ್ಲಿ ನೀರು ಎಷ್ಟು ಎತ್ತರ ಇರಬೇಕೆಂಬ ಕರಡು ತೀರ್ಮಾನವನ್ನು ಮೊದಲು ಜನರ ಮುಂದಿಟ್ಟು, ಆಕ್ಷೇಪಗಳನ್ನು ಪಡೆದ ಮೇಲೆಯೇ ಅಂತಿಮಗೊಳಿಸುತ್ತಾರೆ.

ಹಾಗೆಂದು ಜಗಳವಿಲ್ಲವೆಂದಲ್ಲ. ಕೊಳೆತ ಸಸ್ಯಗಳಿಂದಾದ ಜವುಗು ಮಣ್ಣಿನ ಪ್ರದೇಶಗಳಲ್ಲಿ, ಟ್ರ್ಯಾಕ್ಟರ್ ಹೂತುಕೊಳ್ಳದಿರಲೆಂದು ರೈತರು ನೀರನ್ನು ತಗ್ಗಿಸಲು ಕೇಳುತ್ತಾರೆ; ತಗ್ಗಿಸಿದರೆ ಮಣ್ಣು ಒಣಗಿ ನೆಲವೇ ಕುಸಿಯುತ್ತದೆ, ಮರದ ಕಂಬಗಳ ಮೇಲೆ ಕಟ್ಟಿದ ಹಳೆಯ ಮನೆಗಳ ಅಡಿಪಾಯಕ್ಕೆ ಗಾಳಿ ತಾಗಿ ಕಂಬಗಳು ಕೊಳೆಯುತ್ತವೆ. ಹೊಲದವರಿಗೆ ಬೇಕಾದ ಮಟ್ಟ ಮನೆಯವರಿಗೆ ಬೇಡ. ಇಷ್ಟೆಲ್ಲ ಎಚ್ಚರವಿರುವ ದೇಶದಲ್ಲಿಯೂ 1953ರ ಫೆಬ್ರುವರಿ 1ರ ನಸುಕಿನಲ್ಲಿ ಒಡ್ಡುಗಳು ಒಡೆದು 1,836 ಜನ ಸತ್ತರು. ಆಮ್‌ಸ್ಟರ್‌ಡ್ಯಾಮಿನ ನಗರಸಭೆಯ ಕಟ್ಟಡದಲ್ಲಿ ಅಂದಿನ ನೀರಿನ ಎತ್ತರವನ್ನು, 4.55 ಮೀಟರ್, ಗಾಜಿನ ಕಂಬವೊಂದರಲ್ಲಿ ನೀರು ತುಂಬಿ ತೋರಿಸಿದ್ದಾರೆ. ನಗರಸಭೆಗೆ ತಮ್ಮ ಕೆಲಸಕ್ಕೆ ಬಂದವರು ಅದರ ಪಕ್ಕದಲ್ಲಿ ಹಾದುಹೋಗುತ್ತಿದ್ದರು. ನಮ್ಮ ಮುಳುಗಡೆಯ ಮಟ್ಟವನ್ನೂ ಜಿಲ್ಲಾ ಕೇಂದ್ರದಲ್ಲಿ ಹೀಗೆ ಕಣ್ಣಿಗೆ ಕಾಣುವಂತೆ ಇಡಬಹುದು ಎನ್ನುವುದು ನನ್ನ ಅನಿಸಿಕೆ. ಸಂಖ್ಯೆ ಬಾಯಿಪಾಠವಾಗುವುದು ಬೇರೆ, ಅದರ ಬುಡದಲ್ಲಿ ನಿಂತು ತಲೆಯೆತ್ತಿ ನೋಡುವುದು ಬೇರೆ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿಯೂ ಹೊರದೇಶದ ಪ್ರವಾಸದ ಮಾತು ನಡೆದಿದೆ. ವೀಸಾ, ಇಂಗ್ಲಿಷ್, ಗುಂಪಿನ ಹೊಂದಾಣಿಕೆ ಇವುಗಳ ಬಗ್ಗೆ ತಿಳಿಸುವಿರಾ?
–ವಿದ್ಯಾರ್ಥಿ, ಇಂಡಿ

ಉತ್ತರ: ನೆದರ್‌ಲ್ಯಾಂಡ್ಸ್‌ಗಾದರೆ, ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಲ್ಲುವ ಷೆಂಗೆನ್ ವೀಸಾ ಬೇಕು. ಶುಲ್ಕ 2024ರ ಜೂನ್‌ನಿಂದ 90 ಯೂರೋ; ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ನಾವು ಖುದ್ದಾಗಿ ಬೆಂಗಳೂರಿಗೆ ಹೋಗಬೇಕಾಯಿತು; ನೀವೂ ಆ ಎರಡು ರಾತ್ರಿಗಳ ಪ್ರಯಾಣವನ್ನು ಮೊದಲೇ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಡಚ್ಚರ ಇಂಗ್ಲಿಷ್ ಚೆನ್ನಾಗಿದೆ, ನಿಧಾನವಾಗಿ ಮಾತನಾಡಿದರೆ ಸಾಕು.

ಕಷ್ಟವಾದದ್ದು ಭಾಷೆಯಿಂದಲ್ಲ, ಗುಂಪಿನಿಂದ. ಇಪ್ಪತ್ತೈದು ಜನ ಒಟ್ಟಿಗೆ ಹೊರಟರೆ ಒಬ್ಬರ ಚಪ್ಪಲಿಯ ಪಟ್ಟಿ ಹರಿದಿದ್ದಕ್ಕೆ ಎಲ್ಲರ ರೈಲು ತಪ್ಪುತ್ತದೆ. ಮೊದಲ ನಾಲ್ಕು ದಿನ ನಾವು ನಮ್ಮನಮ್ಮಲ್ಲಿಯೇ ಮಾತನಾಡಿಕೊಂಡು, ಕೆಂಪು ಬಣ್ಣದ ಸೈಕಲ್ ದಾರಿಯನ್ನು ಪಾದಚಾರಿ ಮಾರ್ಗವೆಂದು ತಿಳಿದು ಸಾಲಾಗಿ ನಿಂತು, ಸೈಕಲ್ ಸವಾರರಿಂದ ಬೈಸಿಕೊಂಡದ್ದೇ ಆಯಿತು. ಐದನೆಯ ದಿನ ಅಧ್ಯಾಪಕರು ನಮ್ಮನ್ನು ಮೂರು ಮೂರು ಜನರಂತೆ ಬಿಡಿಸಿ, ಸಂಜೆಯೊಳಗೆ ಒಬ್ಬ ಸ್ಥಳೀಯರನ್ನಾದರೂ ಮಾತನಾಡಿಸಿ ಬರೆದು ತರಬೇಕೆಂದು ಕಡ್ಡಾಯ ಮಾಡಿದರು. ಸಾಧ್ಯವಿದ್ದರೆ ನಿಮ್ಮ ಅಧ್ಯಾಪಕರಿಗೆ ಅದನ್ನು ಮೊದಲ ದಿನದಿಂದಲೇ ಮಾಡಿಸುವಂತೆ ಕೇಳಿಕೊಳ್ಳಿ. ರೈಲಿನಲ್ಲಿ ಹತ್ತುವಾಗ ಕಾರ್ಡನ್ನು ಯಂತ್ರಕ್ಕೆ ತಾಗಿಸಿದಂತೆ ಇಳಿದ ಮೇಲೂ ತಾಗಿಸಬೇಕು, ಇಲ್ಲದಿದ್ದರೆ ಹೆಚ್ಚಿನ ಹಣ ಕಡಿತವಾಗುತ್ತದೆ. ನಾನು ಎರಡು ಬಾರಿ ಮರೆತಿದ್ದೇನೆ.