ಥೀಮ್ ಹಾಕೋಕೆ ಸಿಸ್ಟಮ್ ಫೈಲ್ ಬದಲಿಸಲೇಬೇಕಾ?

ನೀವು ಕೇಳಿದ್ದು ಇಷ್ಟು: ವಿಂಡೋಸ್ 10 ಲ್ಯಾಪ್‌ಟಾಪ್‌ಗೆ ಒಂದು ಕಪ್ಪು ಥೀಮ್ ಡೌನ್‌ಲೋಡ್ ಮಾಡಿದ್ದೀರಿ, ಆ ಜಿಪ್‌ನಲ್ಲಿ ಯುಎಕ್ಸ್‌ಥೀಮ್, ಥೀಮ್‌ಯುಐ, ಯುಎಕ್ಸ್‌ಇನಿಟ್ ಅಂತ ಮೂರು ಡಿಎಲ್‌ಎಲ್ (ವಿಂಡೋಸ್ ಬಳಸುವ ಕೋಡ್ ಇರುವ ಫೈಲ್) ಇವೆ, ಅವನ್ನು ವಿಂಡೋಸ್‌ನ ಮುಖ್ಯ ಫೈಲ್‌ಗಳಿರುವ ಸಿಸ್ಟಮ್32 ಫೋಲ್ಡರ್‌ಗೆ ಹಾಕಲು ಹೋದರೆ ವಿಂಡೋಸ್ ಬಿಡುತ್ತಿಲ್ಲ.

ಹಾಕಬೇಡಿ. ಥೀಮ್ ಬೇಡ ಅಂತಲ್ಲ, ಆ ಮೂರು ಫೈಲ್ ಬೇಡ. ಅವು ಬೇರೆ ಯಾರದ್ದೋ ಕಂಪ್ಯೂಟರ್‌ನಿಂದ ತೆಗೆದವು. ಅವರ ವಿಂಡೋಸ್ ಬಿಲ್ಡ್ (ಆವೃತ್ತಿ ಸಂಖ್ಯೆ) ಬೇರೆ, ನಿಮ್ಮದು ಬೇರೆ ಆಗಿದ್ದರೆ ಲಾಗಿನ್ ಪರದೆಯೇ ಬರದೆ ನಿಲ್ಲಬಹುದು. ಒಳಗೆ ಇನ್ನೇನು ಸೇರಿಸಿದ್ದಾರೋ ಅದೂ ತಿಳಿಯುವುದಿಲ್ಲ. ಒಂದು ಬೈಟ್ ತಿದ್ದಿದರೂ ಮೈಕ್ರೋಸಾಫ್ಟ್‌ನ ಡಿಜಿಟಲ್ ಸಹಿ (ಫೈಲ್ ಅಸಲಿ ಅಂತ ತೋರಿಸುವ ಗುರುತು) ತಾಳೆಯಾಗುವುದಿಲ್ಲ, ಆಮೇಲೆ ಒಳ್ಳೆ ಪ್ಯಾಚ್ (ತಿದ್ದುಪಡಿ) ಯಾವುದು ವೈರಸ್ ಯಾವುದು ಅಂತ ನೋಡಿ ಹೇಳೋಕೆ ಆಗಲ್ಲ.

ಈ ತಾಪತ್ರಯ 2001ರ ಎಕ್ಸ್‌ಪಿ ಕಾಲದ್ದು. ಥೀಮ್‌ನ ರೂಪ ಇರುವುದು ಎಂಎಸ್‌ಸ್ಟೈಲ್ಸ್ ಅನ್ನೋ ಫೈಲ್‌ನಲ್ಲಿ, ಮೈಕ್ರೋಸಾಫ್ಟ್ ಸಹಿ ಇರುವುದು ಮಾತ್ರ ನಡೆಯುತ್ತದೆ, ಸಹಿ ನೋಡುವ ಕೆಲಸ ಯುಎಕ್ಸ್‌ಥೀಮ್‌ನದು. ಹಾಗಾಗಿ ಎಲ್ಲರೂ ಅದನ್ನೇ ತಿದ್ದುತ್ತಾ ಬಂದರು. ವಿಸ್ತಾದಿಂದ ಈಚೆಗೆ ಇಂಥ ಫೈಲ್‌ಗಳ ಮಾಲೀಕತ್ವ ವಿಂಡೋಸ್‌ನದೇ ಟ್ರಸ್ಟೆಡ್‌ಇನ್‌ಸ್ಟಾಲರ್ ಸೇವೆಯ ಹತ್ತಿರ ಇದೆ, ಅದಕ್ಕೇ ನೀವು ಅಡ್ಮಿನ್ ಆದರೂ ಮುಟ್ಟಲು ಆಗುತ್ತಿಲ್ಲ.

ನನ್ನ ಸಲಹೆ ಸೆಕ್ಯೂರ್‌ಯುಎಕ್ಸ್‌ಥೀಮ್ ಅನ್ನೋ ಸಾಫ್ಟ್‌ವೇರ್. ಓಪನ್ ಸೋರ್ಸ್, ಗಿಟ್‌ಹಬ್‌ನಲ್ಲಿದೆ. ಡಿಸ್ಕ್‌ನಲ್ಲಿರುವ ಸಿಸ್ಟಮ್ ಫೈಲ್ ಮುಟ್ಟುವುದೇ ಇಲ್ಲ, ಮೆಮೊರಿಯಲ್ಲಿ ಮಾತ್ರ ಆ ಸಹಿ ತಪಾಸಣೆಯನ್ನು ದಾಟಿಸುತ್ತದೆ. ಬೇಡ ಅಂದರೆ ಅನ್‌ಇನ್‌ಸ್ಟಾಲ್, ಅಷ್ಟೇ. ಇಷ್ಟು ಸುಲಭದ ದಾರಿ ಇರುವಾಗ ಸಿಸ್ಟಮ್32 ಒಳಗೆ ಸುಮ್ನೆ ಕೈ ಹಾಕೋದು ಯಾಕೆ, ಅಲ್ವಾ?

ಇಲ್ಲ, ಫೈಲನ್ನೇ ಬದಲಿಸಬೇಕು ಅಂತಿದ್ದರೆ (ಹಳೇ ವಿಂಡೋಸ್ 7 ಇಟ್ಟುಕೊಂಡು ಆಡುವವರಿಗೆ ಇದು ಬೇಕಾಗುತ್ತದೆ, ಅಲ್ಲಿ ಯುಎಕ್ಸ್‌ಇನಿಟ್ ಬದಲು ಥೀಮ್‌ಸರ್ವಿಸ್ ಇರುತ್ತದೆ), ವಾಪಸ್ ಬರುವ ದಾರಿ ಮೊದಲು ಮಾಡಿಕೊಳ್ಳಿ. ಸಿಸ್ಟಮ್ ರಿಸ್ಟೋರ್ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆಫ್ ಆಗಿರುತ್ತದೆ, ಆನ್ ಮಾಡಿ ವಾಪಸ್ ಬರಲು ಒಂದು ರಿಸ್ಟೋರ್ ಪಾಯಿಂಟ್ ಇಡಿ. ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್ ಒಂದು ತಯಾರಿರಲಿ, ಅದರಿಂದ ನಿಜವಾಗಿ ಬೂಟ್ ಆಗಿ ಕಮಾಂಡ್ ಪ್ರಾಂಪ್ಟ್‌ವರೆಗೆ ಹೋಗಿ ನೋಡಿ. ಬಿಟ್‌ಲಾಕರ್ (ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದ್ದರೆ ಅಲ್ಲಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ, ಅದನ್ನು ಮೊದಲೇ ಬರೆದಿಡಿ, ಅದೇ ಲ್ಯಾಪ್‌ಟಾಪ್ ಒಳಗೆ ಬೇಡ ಮತ್ತೆ! ಹಾಗೆ ಬೂಟ್ ಆದಾಗ ನಿಮ್ಮ ಸಿ ಡ್ರೈವ್ ಡಿ ಅಂತಲೂ ಕಾಣಿಸಬಹುದು, ಗಾಬರಿ ಬೇಡ.

ಆಮೇಲೆ ಟೇಕ್‌ಓನ್ ಕಮಾಂಡ್‌ನಿಂದ ಆ ಒಂದೊಂದೇ ಫೈಲಿನ ಮಾಲೀಕತ್ವ ತೆಗೆದುಕೊಳ್ಳಿ, ಐಕ್ಯಾಕಲ್ಸ್ ಕಮಾಂಡ್‌ನಿಂದ ಅನುಮತಿ ಕೊಟ್ಟುಕೊಳ್ಳಿ. ಇಡೀ ಸಿಸ್ಟಮ್32 ಫೋಲ್ಡರ್‌ಗೆ ಮಾಡುವವರೂ ಇದ್ದಾರೆ, ದಯವಿಟ್ಟು ಬೇಡ. ಹಳೇ ಫೈಲ್ ಡಿಲೀಟ್ ಮಾಡಬೇಡಿ, ಕೊನೆಗೆ ಓಲ್ಡ್ ಅಂತ ಸೇರಿಸಿ ಹೆಸರು ಬದಲಿಸಿ. ಬಳಕೆಯಲ್ಲಿರುವ ಡಿಎಲ್‌ಎಲ್ ಅಳಿಸಲು ವಿಂಡೋಸ್ ಬಿಡುವುದಿಲ್ಲ, ಹೆಸರು ಬದಲಿಸಲು ಬಿಡುತ್ತದೆ. ಹೊಸದು ನಿಮ್ಮದೇ ಫೈಲಿನ ಪ್ಯಾಚ್ ಆದ ಪ್ರತಿ ಆಗಿರಲಿ. ಕೆಲಸ ಮುಗಿದ ಮೇಲೆ ಮಾಲೀಕತ್ವ ಟ್ರಸ್ಟೆಡ್‌ಇನ್‌ಸ್ಟಾಲರ್‌ಗೆ ವಾಪಸ್ ಕೊಡಿ. ಕೆಟ್ಟರೆ ಪೆನ್‌ಡ್ರೈವ್‌ನಿಂದ ಬೂಟ್ ಆಗಿ, ಹೊಸ ಫೈಲ್ ತೆಗೆದು, ಓಲ್ಡ್ ಫೈಲಿನ ಹೆಸರು ಮೊದಲಿನಂತೆ ಮಾಡಿದರೆ ಸಾಕು.

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಅಪ್‌ಡೇಟ್ ಹೊತ್ತಿನಲ್ಲಿ. ಅಪ್‌ಡೇಟ್ ಅಥವಾ ಎಸ್‌ಎಫ್‌ಸಿ ಸ್ಕ್ಯಾನ್ (ಸಿಸ್ಟಮ್ ಫೈಲ್ ತಪಾಸಣೆ) ಬಂದು ಅಸಲಿ ಫೈಲ್ ಮತ್ತೆ ಕೂರಿಸುತ್ತದೆ, ಪ್ಯಾಚ್ ಹೋಗುತ್ತದೆ, ಆದರೆ ಸಹಿ ಇಲ್ಲದ ಥೀಮ್ ಮಾತ್ರ ಆನ್ ಆಗೇ ಇರುತ್ತದೆ. ಆಗ ಲಾಗಿನ್ ಆದ ಮೇಲೆ ಬರೀ ಕಪ್ಪು ಪರದೆ ಬರಬಹುದು. ಅಪ್‌ಡೇಟ್‌ಗೆ ಮೊದಲು ವಿಂಡೋಸ್‌ನ ಸ್ವಂತ ಥೀಮ್‌ಗೆ ಬದಲಿಸಿಕೊಳ್ಳಿ, ಇನ್ನೊಂದು ಅಡ್ಮಿನ್ ಅಕೌಂಟನ್ನು ಮಾಮೂಲಿ ಥೀಮ್‌ನಲ್ಲೇ ಬಿಟ್ಟಿರಿ.

ಥೀಮ್ ಫೋಲ್ಡರನ್ನು ವಿಂಡೋಸ್ ಒಳಗಿನ ರಿಸೋರ್ಸಸ್, ಅದರೊಳಗಿನ ಥೀಮ್ಸ್‌ನಲ್ಲಿ ಬೇರೆ ಹೆಸರಲ್ಲೇ ಇಡಿ, ಅಲ್ಲಿರುವ ವಿಂಡೋಸ್‌ನ ಸ್ವಂತ ಥೀಮ್ ಏರೋ ಮೇಲೆ ಕಾಪಿ ಮಾಡಬೇಡಿ.

ರನ್ ಬಾಕ್ಸ್‌ನಲ್ಲಿ ವಿನ್‌ವರ್ ಅಂತ ಟೈಪ್ ಮಾಡಿ, ಬರುವ ಬಿಲ್ಡ್ ನಂಬರ್ ಮತ್ತು ಥೀಮ್ ಹೆಸರು ಇಲ್ಲಿ ಹಾಕಿ. ಆ ಥೀಮ್ ನಿಮ್ಮ ಬಿಲ್ಡ್‌ಗೆ ಹೊಂದುತ್ತದೋ ಇಲ್ಲವೋ ನೋಡಿ ಹೇಳುತ್ತೇನೆ.