ಗಾಜಿನೊಳಗೆ ಮಂಜು ಕಟ್ಟಿದೆ, ಕಿಟಕಿಯನ್ನೇ ಬದಲಿಸಬೇಕೆ?

ಡಬಲ್ ಗ್ಲಾಸ್ ಕಿಟಕಿಗಳ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಕೇಳಿದ ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ತುಮಕೂರಿನ ಶಿರಾ ಗೇಟ್ ಕಡೆ ನಮ್ಮ ಮನೆ. ರಸ್ತೆ ಗಲಾಟೆ ತಡೆಯಲೆಂದು ಒಂಬತ್ತು ವರ್ಷದ ಹಿಂದೆ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಸ್ಲೈಡಿಂಗ್ ಕಿಟಕಿಗೆ ಡಬಲ್ ಗ್ಲಾಸ್ ಹಾಕಿಸಿದೆವು. ಪಡುವಣ ದಿಕ್ಕಿನ ರೂಮಿನಲ್ಲಿ ಎರಡು ಶಟರಿನ ಗಾಜು ಒಳಗಿಂದಲೇ ಮಬ್ಬಾಗಿದೆ, ಎಷ್ಟು ಒರೆಸಿದರೂ ಹೋಗದು. ಎಂಟೂ ಕಿಟಕಿಯನ್ನು ಫ್ರೇಮ್ ಸಮೇತ ತೆಗೆಯಬೇಕು ಅಂತ ಒಬ್ಬರು, ಗಾಜಿಗೆ ಸಣ್ಣ ತೂತು ಕೊರೆದು ಒಣಗಿಸಿಕೊಡುತ್ತೇವೆ ಅಂತ ಇನ್ನೊಬ್ಬರು. ಯಾರ ಮಾತು ಕೇಳುವುದು?

ಉತ್ತರ: ಇಬ್ಬರ ಮಾತೂ ಬೇಡ. ನೀವು ಹೇಳಿದ್ದನ್ನು ನೋಡಿದರೆ ಕೆಟ್ಟಿರುವುದು ಎರಡು ಗಾಜಿನ ಯೂನಿಟ್ ಮಾತ್ರ. ಫ್ರೇಮು, ಶಟರು ಗಟ್ಟಿಯಿದ್ದರೆ ಅದಕ್ಕೇ ಹೊಸ ಯೂನಿಟ್ ಕೂರಿಸಿದರೆ ಸಾಕು.

ಯೂನಿಟ್ ಎಂದರೆ ಎರಡು ಗಾಜು, ನಡುವೆ ಸಾಮಾನ್ಯವಾಗಿ 12 ಮಿ.ಮೀ. ಒಣಗಾಳಿ. ಸುತ್ತಲೂ ಟೊಳ್ಳು ಅಲ್ಯೂಮಿನಿಯಂ ಪಟ್ಟಿ ಇರುತ್ತದೆ. ಇದೇ ಸ್ಪೇಸರ್. ಅದರೊಳಗೆ ತೇವ ಹೀರುವ ಹರಳು ತುಂಬಿರುತ್ತಾರೆ. ಪಟ್ಟಿಗೂ ಗಾಜಿಗೂ ನಡುವೆ ಕಪ್ಪು ಬ್ಯೂಟೈಲ್ ಅಂಟು, ಅದರ ಹೊರಗೆ ಪಾಲಿಸಲ್ಫೈಡ್ ಅಥವಾ ಸಿಲಿಕಾನಿನ ದಪ್ಪ ಸೀಲ್. ಗಾಜುಗಳನ್ನು ಹಿಡಿದಿಡುವುದು ಹೊರಗಿನ ಸೀಲ್. ನೀರಾವಿಯನ್ನು ತಡೆಯುವುದು ಮುಖ್ಯವಾಗಿ ಬ್ಯೂಟೈಲ್. ಮಧ್ಯಾಹ್ನದ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಹೀಗೆ ದಿನಾ ಅಂಚನ್ನು ಜಗ್ಗಿ ಜಗ್ಗಿ ಸೀಲ್ ಸಡಿಲವಾಗುತ್ತದೆ. ಪಡುವಣ ಮತ್ತು ತೆಂಕಣ ಗೋಡೆಯ ಗಾಜು ಮೊದಲು ಸೋಲುವುದು ಇದಕ್ಕೇ. ಒಳಬಂದ ತೇವವನ್ನು ಹರಳು ಕೆಲವು ಕಾಲ ಹೀರಿಕೊಳ್ಳುತ್ತದೆ. ಅದು ತುಂಬಿದ ಮೇಲೆಯೇ ನಮಗೆ ಮಂಜು ಕಾಣುವುದು. ಅಂದರೆ ಸೀಲ್ ಕೆಟ್ಟಿದ್ದು ಈಗಲ್ಲ, ಎಷ್ಟೋ ಮುಂಚೆ.

ಶುರುವಿನಲ್ಲಿ ಮಂಜು ಬೆಳಗ್ಗೆ ಅಥವಾ ಮಳೆ ಬಂದು ತಂಪಾದಾಗ ಕಂಡು ಹೊತ್ತೇರುತ್ತಲೇ ಮಾಯವಾಗುತ್ತದೆ. ಕೊನೆಗೆ ಗಾಜಿನ ಕ್ಷಾರ ಹೊರಬಂದು ಬಿಳಿ ಕಲೆ ಕಚ್ಚಿ ನಿಲ್ಲುತ್ತದೆ. ಆ ಕಲೆ ಯಾವ ದ್ರಾವಣಕ್ಕೂ ಹೋಗದು. ಇನ್ನು ತೂತು ಕೊರೆಯುವ ಮಾತು. ಕೊರೆದು ಒಣಗಿಸಿದರೆ ಅವತ್ತಿನ ಮಂಜು ಹೋಗುತ್ತದೆ, ಆದರೆ ಹರಳು ಹಳೆಯದೇ, ಬಿಟ್ಟುಕೊಂಡ ಸೀಲೂ ಹಳೆಯದೇ. ಟಫನ್ಡ್ (ಕಾಯಿಸಿ ಗಟ್ಟಿಮಾಡಿದ) ಗಾಜಾಗಿದ್ದರೆ ಡ್ರಿಲ್ ತಾಗುತ್ತಲೇ ಪೂರ್ತಿ ಪುಡಿಯಾಗುತ್ತದೆ. ಮೂಲೆಯಲ್ಲಿ ಐಎಸ್ 2553 (ಸುರಕ್ಷಾ ಗಾಜಿನ ಭಾರತೀಯ ಮಾನಕ) ಅಥವಾ ಟಫನ್ಡ್ ಎಂಬ ಮುದ್ರೆ ಇದೆಯೇ ನೋಡಿ.

ಉಳಿದ ಗಾಜುಗಳ ಸ್ಥಿತಿ ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಬೆಳಗಿನ ಹೊತ್ತು ಗಾಜಿಗೆ ಬಿಸಿಲು ಬೀಳುವ ಮುಂಚೆ, ಸ್ಟೀಲ್ ಲೋಟದ ತುಂಬ ಐಸ್ ಹಾಕಿ ಅದರ ತಳವನ್ನು ರೂಮಿನ ಕಡೆಯ ಗಾಜಿಗೆ ಐದಾರು ನಿಮಿಷ ಒತ್ತಿ ಹಿಡಿಯಿರಿ. ತೆಗೆದು ಬಟ್ಟೆಯಿಂದ ಒರೆಸಿ. ಒರೆಸಿದರೆ ಹೋಗುವ ತೇವ ರೂಮಿನದು. ಒರೆಸಿದ ಮೇಲೂ ದುಂಡಗೆ ಮಬ್ಬು ಉಳಿದರೆ ಅದು ಒಳಗಿನದು, ಹರಳಿನ ಆಯಸ್ಸು ಮುಗಿದಿದೆ ಎಂದರ್ಥ. ಒಳ್ಳೆಯ ಯೂನಿಟ್ಟಿನ ಒಳಗಾಳಿ ಎಷ್ಟು ಒಣಗಿರುತ್ತದೆಂದರೆ ಐಸಿನ ತಂಪಿಗೆ ಅದು ಮಂಜಾಗುವುದೇ ಇಲ್ಲ. ಕಾದ ಗಾಜಿಗೆ ಮಾತ್ರ ಐಸ್ ಮುಟ್ಟಿಸಬೇಡಿ, ಸೀಳಬಹುದು.

ಯಾವ ಗಾಜು ತರಿಸಬೇಕು? ರಾತ್ರಿ ಮೊಬೈಲ್ ಟಾರ್ಚನ್ನು ಗಾಜಿನ ಮುಂದೆ ಓರೆಯಾಗಿ ಹಿಡಿದರೆ ನಾಲ್ಕು ಬೆಳಕಿನ ಚುಕ್ಕಿ ಕಾಣುತ್ತವೆ. ಒಂದರ ಬಣ್ಣ ಬೇರೆಯಿದ್ದರೆ ನಿಮ್ಮ ಗಾಜಿಗೆ ಶಾಖ ತಡೆಯುವ ಲೇಪನವಿದೆ. ಹೊಸದಕ್ಕೂ ಅದೇ ಲೇಪನ ಕೇಳಿ, ಇಲ್ಲವಾದರೆ ಪಕ್ಕದ ಶಟರಿಗೂ ಇದಕ್ಕೂ ಬಣ್ಣ ಕೂಡುವುದಿಲ್ಲ.

ಅಳತೆಯಲ್ಲಿ ಎಡವುವವರೇ ಹೆಚ್ಚು. ಕಣ್ಣಿಗೆ ಕಾಣುವಷ್ಟು ಗಾಜನ್ನು ಟೇಪಿನಲ್ಲಿ ಅಳೆದು ಆರ್ಡರ್ ಕೊಡಬೇಡಿ. ಶಟರನ್ನು ಮಲಗಿಸಿ, ಒಳಬದಿಯ ಉದ್ದನೆಯ ಬೀಡಿಂಗಿನ (ಗಾಜನ್ನು ಹಿಡಿದಿಡುವ ಪಟ್ಟಿಯ) ನಡುಭಾಗದಲ್ಲಿ ಪುಟ್ಟಿ ಬಳಿಯುವ ತೆಳು ತಗಡನ್ನು ತೂರಿಸಿ ಎಬ್ಬಿಸಬೇಕು. ತೂರಿಸುವುದು ಬೀಡಿಂಗಿಗೂ ಶಟರಿಗೂ ನಡುವಿನ ಸಂದಿಯಲ್ಲಿ, ಗಾಜಿನ ಕಡೆಯಲ್ಲ. ಯಾವ ಬೀಡಿಂಗ್ ಯಾವ ಕಡೆಯದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಗಾಜು ಕೂರುವ ಜಾಗದ ಅಗಲ, ಎತ್ತರ ಎರಡನ್ನೂ ಮೂರು ಮೂರು ಕಡೆ ಅಳೆದು, ಕಡಿಮೆ ಬಂದದ್ದರಲ್ಲಿ 10 ಮಿ.ಮೀ. ಕಳೆಯಿರಿ. ಒಂದೊಂದು ಬದಿಗೆ 5 ಮಿ.ಮೀ. ಸಡಿಲ ಬೇಕು. ದಪ್ಪ ಹಳೆಯದರಷ್ಟೇ ಇರಲಿ: 5-12-5 (ಗಾಜು, ಸಂದು, ಗಾಜು) ಆದರೆ 22, 6-12-6 ಆದರೆ 24 ಮಿ.ಮೀ. ಎರಡು ಮಿ.ಮೀ. ಕಡಿಮೆಯಾದರೂ ಬೀಡಿಂಗ್ ಬಿಗಿಯಾಗದೆ ಮಳೆನೀರು ಇಳಿಯುತ್ತದೆ.

ಗಾಜನ್ನು ನೇರವಾಗಿ ಶಟರಿನ ಮೇಲೆ ಕೂರಿಸಬಾರದು. ಕೆಳಗೆ ರೋಲರಿನ ನೇರಕ್ಕೆ ಎರಡು ಪ್ಲಾಸ್ಟಿಕ್ ಪ್ಯಾಕಿಂಗ್ ಇಟ್ಟು ಅದರ ಮೇಲೆ ಕೂರಿಸಬೇಕು. ಆ ಪ್ಯಾಕಿಂಗ್ ನೀರು ಹೋಗುವ ತೂತನ್ನು ಮುಚ್ಚಬಾರದು. ಸಡಿಲವಿದೆ ಎಂದು ಸುತ್ತ ಸಿಲಿಕಾನ್ ಸುರಿಯುವ ಫಿಟ್ಟರನ್ನು ಅಲ್ಲೇ ನಿಲ್ಲಿಸಿ. ವಿನೆಗರ್ ವಾಸನೆ ಬರುವ ಸಿಲಿಕಾನ್ ಯೂನಿಟ್ಟಿನ ಅಂಚಿನ ಸೀಲನ್ನೇ ಕೆಡಿಸುತ್ತದೆ. ಹಾಕಲೇಬೇಕಾದ ಕಡೆ ನ್ಯೂಟ್ರಲ್ ಸಿಲಿಕಾನ್ ಇರಲಿ.

ಹಳೆಯ ಯೂನಿಟ್ ಹೊರಬಂದಾಗ ಅದರ ಅಂಚನ್ನೊಮ್ಮೆ ನೋಡಿ. ಕಪ್ಪು ಬ್ಯೂಟೈಲ್ ಗೆರೆಯೇ ಇಲ್ಲದೆ ಬರೀ ಸಿಲಿಕಾನ್ ಇದ್ದರೆ ಅದು ಅಂಗಡಿಯಲ್ಲಿ ಕೈಯಿಂದ ಅಂಟಿಸಿದ ಮಾಲು. ಸಿಲಿಕಾನ್ ನೀರನ್ನು ತಡೆದರೂ ಆವಿಯನ್ನು ಬಿಟ್ಟುಕೊಡುತ್ತದೆ. ಹಾಗಿದ್ದರೆ ಉಳಿದವೂ ಇಂದಲ್ಲ ನಾಳೆ ಹೋಗುವಂಥವೇ, ಗಾಜುಗಳನ್ನೆಲ್ಲ ಒಟ್ಟಿಗೆ ಆರ್ಡರ್ ಮಾಡುವುದು ಲೇಸು. ಇಲ್ಲವಾದರೆ ಆತುರ ಬೇಡ. ಮಂಜು ಕಟ್ಟಿದ ಗಾಜಿನಿಂದ ಮನೆಗೆ ಅಪಾಯವೇನಿಲ್ಲ, ನೋಟ ಕೆಡುತ್ತದೆ, ಶಾಖ ತಡೆಯುವ ಶಕ್ತಿ ಒಂದಿಷ್ಟು ಕುಗ್ಗುತ್ತದೆ ಅಷ್ಟೆ.

ಫ್ರೇಮ್ ಬದಲಿಸಲೇಬೇಕಾದ ಲಕ್ಷಣಗಳು ಬೇರೆ. ಮೂಲೆಯ ಬೆಸುಗೆ ಸೀಳಿರುವುದು, ಶಟರ್ ಬಿಲ್ಲಿನಂತೆ ಬಾಗಿರುವುದು, ಪ್ಲಾಸ್ಟಿಕ್ ಹಳದಿಯಾಗಿ ಕೈಗೆ ಪುಡಿ ಅಂಟುವಷ್ಟು ಸವೆದಿರುವುದು. ಬಾಗಿದ್ದರೆ ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ಕಿಗೆ ಹಿಡಿದು ನೋಡಿ. ಎಲ್ಲೂ ಕಚ್ಚದಿದ್ದರೆ ಒಳಗೆ ಉಕ್ಕಿನ ಪಟ್ಟಿಯನ್ನೇ ಹಾಕಿಲ್ಲ, ಅಂಥ ಫ್ರೇಮಿಗೆ ಹೊಸ ಗಾಜಿನ ದುಡ್ಡು ಸುರಿಯಬೇಡಿ.

ಪ್ರಶ್ನೆ: ಚಿಕ್ಕಬಳ್ಳಾಪುರದಲ್ಲಿ ಹೊಸ ಮನೆ. ಡಿಸೆಂಬರ್ ಬೆಳಗಿನಲ್ಲಿ ಗಾಜಿನ ಹೊರಮೈಯೆಲ್ಲ ಇಬ್ಬನಿ. ಒಂದೊಂದು ದಿನ ಅಡುಗೆಮನೆ ಕಿಟಕಿಯ ಒಳಮೈಯಲ್ಲೂ ನೀರು ಇಳಿಯುತ್ತದೆ. ಸೀಲ್ ಹೋಗಿದೆಯೆ?

ಉತ್ತರ: ಇಲ್ಲ. ಬೆರಳಿಗೆ ಸಿಗುವ ನೀರಿಗೂ ಸೀಲಿಗೂ ಸಂಬಂಧವಿಲ್ಲ. ಹೊರಮೈಯ ಇಬ್ಬನಿ ಕಿಟಕಿ ಚೆನ್ನಾಗಿದೆ ಎನ್ನುವುದಕ್ಕೆ ಸಾಕ್ಷಿ. ರೂಮಿನ ಶಾಖ ಹೊರಗಿನ ಗಾಜಿಗೆ ತಲುಪುತ್ತಿಲ್ಲ, ಮೋಡವಿಲ್ಲದ ರಾತ್ರಿ ಆ ಗಾಜು ಆಕಾಶಕ್ಕೆ ಶಾಖ ಬಿಟ್ಟು ತಣ್ಣಗಾಗುತ್ತದೆ. ಸಜ್ಜಾದ ಮರೆಯಲ್ಲಿರುವ ಕಿಟಕಿಗೆ ಇಬ್ಬನಿ ಕಡಿಮೆ ಬೀಳುವುದೂ ಇದರಿಂದಲೇ. ಒಳಮೈಯ ನೀರು ಅಡುಗೆಯ ಆವಿ. ಹೊಸ ಮನೆಯಾದ್ದರಿಂದ ಗಾರೆಯ ತೇವವೂ ಇನ್ನೂ ಹೊರಬರುತ್ತಿರುತ್ತದೆ. ಬೆಳಗ್ಗೆ ಎದುರುಬದುರು ಎರಡು ಕಿಟಕಿಯನ್ನು ಅರ್ಧ ಗಂಟೆ ತೆರೆದಿಡಿ, ಒಲೆ ಹಚ್ಚಿದಾಗ ಎಕ್ಸಾಸ್ಟ್ ಫ್ಯಾನ್ ಓಡಲಿ.

ಬೋರ್‌ವೆಲ್ ನೀರಿನಲ್ಲಿ ಗಾಜು ತೊಳೆದು ಹಾಗೇ ಒಣಗಲು ಬಿಟ್ಟರೆ ಉಳಿಯುವ ಬಿಳಿ ಸುಣ್ಣದ ಕಲೆಯನ್ನೂ ಕೆಲವರು ಮಂಜೆಂದು ತಿಳಿಯುತ್ತಾರೆ. ಬಿಳಿ ವಿನೆಗರನ್ನು ಬಟ್ಟೆಗೆ ಹಾಕಿ ಉಜ್ಜಿ ನೋಡಿ. ಹೋದರೆ ಸುಣ್ಣ.

ಪ್ರಶ್ನೆ: ಕೋಲಾರದಲ್ಲಿ ಹೆದ್ದಾರಿಗೆ ಹತ್ತಿರ ಮನೆ. ಅಕ್ಟೋಬರ್ ಮಳೆಗೆ ಸ್ಲೈಡಿಂಗ್ ಕಿಟಕಿಯ ಟ್ರ್ಯಾಕ್ ತುಂಬಿ ನೀರು ರೂಮಿಗೆ ಹರಿಯುತ್ತದೆ. ಲಾರಿ ಸದ್ದೂ ಮೊದಲಿಗಿಂತ ಜಾಸ್ತಿಯಾಗಿದೆ. ಗಾಜು ಬದಲಿಸಿದರೆ ಸರಿಹೋಗುತ್ತದೆಯೆ?

ಉತ್ತರ: ಗಾಜು ಮಂಜಾಗದೆ ಇದ್ದರೆ ಅದನ್ನು ಮುಟ್ಟಬೇಡಿ. ಎರಡು ದೂರಿಗೂ ಕಾರಣ ಗಾಜಿನ ಆಚೆಯಿದೆ.

ಮೊದಲು ನೀರು. ಟ್ರ್ಯಾಕಿನ ತಳದಲ್ಲಿ ಉದ್ದುದ್ದ ತೂತುಗಳಿವೆ, ಅವಕ್ಕೆ ಹೊರಮೈಯಲ್ಲಿ ಪ್ಲಾಸ್ಟಿಕ್ ಮುಚ್ಚಳ. ಒಂದು ಚೊಂಬು ನೀರನ್ನು ಟ್ರ್ಯಾಕಿಗೆ ಸುರಿಯಿರಿ, ತಕ್ಷಣ ಹೊರಗೆ ಇಳಿಯಬೇಕು. ನಿಂತರೆ ಕೆಮ್ಮಣ್ಣಿನ ಧೂಳೋ ಕಣಜದ ಹುಳ ಕಟ್ಟಿದ ಮಣ್ಣಿನ ಗೂಡೋ ಒಳಗೆ ಕೂತಿದೆ. ಮುಚ್ಚಳ ತೆಗೆದು ತಂತಿ ಆಡಿಸಿ, ಹಳೆಯ ಟೂತ್‌ಬ್ರಷ್ಷಿನಲ್ಲಿ ಉಜ್ಜಿ, ನೀರು ಹೊಡೆಯಿರಿ. ಜೂನ್ ಮಳೆಗೆ ಮುಂಚೆ ಒಮ್ಮೆ, ಹಿಂಗಾರಿಗೆ ಮುಂಚೆ ಇನ್ನೊಮ್ಮೆ ಮಾಡಿದರೆ ಸಾಕು. ಈ ಕೆಲಸ ಬರೀ ಸ್ವಚ್ಛತೆಯದಲ್ಲ. ತೂತು ಕಟ್ಟಿ ಗಾಜಿನ ಬುಡ ನೀರಿನಲ್ಲಿ ನಿಂತರೆ ಅಂಚಿನ ಸೀಲ್ ಬೇಗ ಹೋಗುತ್ತದೆ, ಮಂಜಿನ ಎಷ್ಟೋ ಪ್ರಕರಣ ಶುರುವಾಗುವುದೇ ಇಲ್ಲಿಂದ.

ತೂತು ಚೊಕ್ಕಟವಿದ್ದೂ ಗೋಡೆ ನೆನೆಯುತ್ತಿದ್ದರೆ ಫ್ರೇಮಿಗೂ ಗೋಡೆಗೂ ನಡುವಿನ ಸಿಲಿಕಾನ್ ಬಿಟ್ಟಿದೆ. ಹಳೆಯದರ ಮೇಲೆ ಹೊಸದನ್ನು ಬಳಿಯಬೇಡಿ, ಹಿಡಿಯುವುದಿಲ್ಲ. ಪೂರ್ತಿ ಕೆತ್ತಿ ತೆಗೆದು, ಧೂಳು ಒರೆಸಿ, ಒಣಗಿದ ಮೇಲೆ ನ್ಯೂಟ್ರಲ್ ಸಿಲಿಕಾನ್ ತುಂಬಿಸಿ. ಕಿಟಕಿ ಕೆಳಗಿನ ಗ್ರಾನೈಟ್ ಚಪ್ಪಡಿ ಹೊರಕ್ಕೆ ಇಳಿಜಾರಾಗಿದೆಯೇ ಎಂದೂ ನೋಡಿ. ಒಳಕ್ಕೆ ವಾಲಿದ್ದರೆ ಎಂಥ ಕಿಟಕಿ ಹಾಕಿದರೂ ನೀರು ಬರುತ್ತದೆ.

ಇನ್ನು ಸದ್ದು. ಗಾಳಿ ನುಗ್ಗುವ ಕಡೆಯೆಲ್ಲ ಸದ್ದೂ ನುಗ್ಗುತ್ತದೆ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಹೊಗೆಯಾಡುವ ಊದುಬತ್ತಿಯನ್ನು ಶಟರಿನ ಅಂಚಿನುದ್ದಕ್ಕೂ ನಿಧಾನವಾಗಿ ಸರಿಸಿ. ಹೊಗೆ ಓಲಾಡುವ ಜಾಗಕ್ಕೆ ಗುರುತು ಹಾಕಿ. ಸ್ಲೈಡಿಂಗ್ ಕಿಟಕಿಯಲ್ಲಿ ರೋಮದಂಥ ಬ್ರಷ್ ಪಟ್ಟಿ ಇರುತ್ತದೆ, ಕೆಲವು ವರ್ಷದಲ್ಲಿ ಧೂಳು ತಿಂದು ಚಪ್ಪಟೆಯಾಗುತ್ತದೆ. ಅದನ್ನು ಎಳೆದು ತೆಗೆದು, ಅದೇ ಅಗಲ ಎತ್ತರದ ಹೊಸ ಪಟ್ಟಿ ತೂರಿಸಬಹುದು. ರೋಲರ್ ಸವೆದು ಶಟರ್ ಒಂದು ಕಡೆ ಕುಸಿದಿದ್ದರೆ ಲಾಕ್ ಬಿಗಿಯಾಗುವುದಿಲ್ಲ. ಶಟರಿನ ಬದಿಯ ತಳದಲ್ಲಿರುವ ಸ್ಕ್ರೂ ತಿರುಗಿಸಿ ಎತ್ತರ ಸರಿಮಾಡಿ, ಆಗದಿದ್ದರೆ ರೋಲರ್ ಬದಲಿಸಿ. ಶಟರ್ ಇಳಿಸುವಾಗ ಇಬ್ಬರಿರಲಿ. ಗಾಜಿನ ತೂಕ ಒಂದು ಚದರ ಮೀಟರಿಗೆ, ಒಂದು ಮಿ.ಮೀ. ದಪ್ಪಕ್ಕೆ 2.5 ಕಿಲೋ. 5-12-5 ಯೂನಿಟ್ ಚದರ ಮೀಟರಿಗೆ 25 ಕಿಲೋ ತೂಗುತ್ತದೆ.

ಇಷ್ಟೆಲ್ಲ ಮಾಡಿಯೂ ಲಾರಿಯ ಗುಡುಗು ತಗ್ಗದಿದ್ದರೆ ಆಗ ಗಾಜಿನ ಮಾತು. ಒಂದೇ ದಪ್ಪದ ಎರಡು ಗಾಜು, ನಡುವೆ 12 ಮಿ.ಮೀ. ಸಂದು: ಈ ಜೋಡಿ ಸದ್ದಿನ ವಿಷಯದಲ್ಲಿ ಒಂಟಿ ಗಾಜಿಗಿಂತ ಹೆಚ್ಚೇನೂ ಮೇಲಲ್ಲ. ಎರಡೂ ಒಂದೇ ಸ್ವರಕ್ಕೆ ಒಟ್ಟಿಗೆ ನಡುಗುತ್ತವೆ. ಒಂದು ಕಡೆ ಲ್ಯಾಮಿನೇಟೆಡ್ ಗಾಜು (ನಡುವೆ ಪ್ಲಾಸ್ಟಿಕ್ ಹಾಳೆಯಿಟ್ಟು ಅಂಟಿಸಿದ್ದು), ಇನ್ನೊಂದು ಕಡೆ ಬೇರೆ ದಪ್ಪದ್ದು ಕೇಳಿ. ಮಲಗುವ ಕೋಣೆಗಾದರೆ ಸ್ಲೈಡಿಂಗ್ ಬಿಟ್ಟು, ರಬ್ಬರ್ ಗ್ಯಾಸ್ಕೆಟ್ಟಿಗೆ ಒತ್ತಿ ಮುಚ್ಚುವ ಬಾಗಿಲು ಮಾದರಿಯ ಕಿಟಕಿಯೇ ಸರಿ. ಫ್ರೇಮ್ ಬದಲಿಸುವ ಖರ್ಚಿಗೆ ಅರ್ಥವಿರುವ ಸಂದರ್ಭಗಳಲ್ಲಿ ಇದೂ ಒಂದು.

ಪ್ರಶ್ನೆ: ಚಿಂತಾಮಣಿಯಲ್ಲಿ ನಮ್ಮ ಮನೆಯ ಪಡುವಣ ಕಿಟಕಿಯ ಗಾಜು ಏಪ್ರಿಲ್ ತಿಂಗಳಲ್ಲಿ ಯಾರೂ ಮುಟ್ಟದೆ ಸೀಳಿತು. ಬಿಸಿಲು ತಡೆಯಲೆಂದು ಅದಕ್ಕೆ ಒಳಗಡೆ ಕಪ್ಪು ಫಿಲ್ಮ್ ಅಂಟಿಸಿದ್ದೆವು. ಗಾಜಿನ ದೋಷವೆ?

ಉತ್ತರ: ಸೀಳು ಎಲ್ಲಿಂದ ಹೊರಟಿದೆ ನೋಡಿ. ಏಟು ಬಿದ್ದ ಗಾಜಿನಲ್ಲಿ ಒಂದು ಚುಕ್ಕಿಯಿಂದ ಸುತ್ತಲೂ ಗೆರೆ ಹರಡಿರುತ್ತದೆ. ಅಂಚಿಗೆ ನೇರ ಲಂಬವಾಗಿ ಹೊರಟು ಆಮೇಲೆ ಡೊಂಕಾಗಿದ್ದರೆ ಅದು ಶಾಖದ ಸೀಳು. ಕಪ್ಪು ಫಿಲ್ಮ್ ಬಿಸಿಲನ್ನು ಹೀರಿ ಗಾಜಿನ ನಡುಭಾಗವನ್ನು ಕಾಯಿಸುತ್ತದೆ, ಒಳಗಾಳಿಯ ಪದರ ಆ ಶಾಖವನ್ನು ಆಚೆ ಹೋಗಗೊಡುವುದಿಲ್ಲ. ಫ್ರೇಮಿನಲ್ಲಿ ಅಡಗಿದ ಅಂಚು ಮಾತ್ರ ತಣ್ಣಗೆ ಉಳಿಯುತ್ತದೆ. ನಡುಭಾಗ ಹಿಗ್ಗಲು ನೋಡಿ ಅಂಚನ್ನು ಎಳೆಯುತ್ತದೆ. ಕತ್ತರಿಸುವಾಗ ಅಂಚಿನಲ್ಲಿ ಚೂರು ಎದ್ದಿದ್ದರೆ ಸೀಳುವುದು ಅಲ್ಲಿಂದಲೇ.

ಸಾದಾ ಡಬಲ್ ಗ್ಲಾಸ್ ಬಿಸಿಲನ್ನು ತಡೆಯುತ್ತದೆಂದು ಹಲವರು ನಂಬಿದ್ದಾರೆ. ಅದು ಹೊರಗಾಳಿಯ ಶಾಖ ಒಳಬರುವುದನ್ನು ಅರ್ಧದಷ್ಟು ತಗ್ಗಿಸುತ್ತದೆ ನಿಜ, ನೇರ ಬಿಸಿಲಿನ ಹೆಚ್ಚಿನ ಪಾಲು ಮಾತ್ರ ಒಳಗೇ ಬರುತ್ತದೆ. ಬದಲಿಸುವಾಗ ಹೊರಗಿನ ಗಾಜು ಬಿಸಿಲಿನ ಶಾಖ ತಡೆಯುವ (ಸೋಲಾರ್ ಕಂಟ್ರೋಲ್) ಲೇಪನವಿರುವ ಟಫನ್ಡ್ ಆಗಿರಲಿ, ಲೇಪನ ಒಳಸಂದಿಯ ಕಡೆಗಿರಲಿ, ಮತ್ತೆ ಫಿಲ್ಮ್ ಬೇಡ. ಸಂಜೆಯ ಇಳಿಬಿಸಿಲಿಗೆ ಸಜ್ಜಾ ಸಾಲದು. ಹೊರಗಡೆ ಕಟ್ಟುವ ಬಿದಿರಿನ ತಟ್ಟಿ ಅಥವಾ ಎಳೆಯುವ ಪರದೆ ಯಾವ ಗಾಜಿಗಿಂತಲೂ ಅಗ್ಗ, ಕೆಲಸವೂ ಚೆನ್ನ.

ಪ್ರಶ್ನೆ: ಗೌರಿಬಿದನೂರಿಗೆ ಚೆನ್ನೈ ಕಡೆಯಿಂದ ಹೊಸ ಯೂನಿಟ್ ತರಿಸಿದೆವು. ಗಾಜು ಸ್ವಲ್ಪ ಉಬ್ಬಿದಂತಿದೆ, ಎದುರಿನ ಲೈಟ್ ಕಂಬದ ಪ್ರತಿಬಿಂಬ ಸೊಟ್ಟಗೆ ಕಾಣುತ್ತದೆ. ವಾಪಸ್ ಕಳಿಸಬೇಕೆ?

ಉತ್ತರ: ಸಮುದ್ರಮಟ್ಟದಲ್ಲಿ ಸೀಲ್ ಮಾಡಿದ ಗಾಳಿ ನಮ್ಮ ಬಯಲುಸೀಮೆಯ ಎತ್ತರಕ್ಕೆ ಬಂದಾಗ ಉಬ್ಬುವುದು ಸಹಜ. 700ರಿಂದ 900 ಮೀಟರ್ ಎತ್ತರದಲ್ಲಿ ಹೊರಗಿನ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಶೇಕಡ 8ರಿಂದ 10ರಷ್ಟು ಕಡಿಮೆ. ದೊಡ್ಡ ಗಾಜು ಬಾಗಿ ಒತ್ತಡವನ್ನು ತಾಳಿಕೊಳ್ಳುತ್ತದೆ, ನೋಟ ಮಾತ್ರ ಸೊಟ್ಟ. ಬಚ್ಚಲುಮನೆಯಂಥ ಚಿಕ್ಕ ಗಾಜು ಬಾಗದು, ಒತ್ತಡವೆಲ್ಲ ಅಂಚಿನ ಸೀಲಿನ ಮೇಲೆ ಬೀಳುತ್ತದೆ, ಅದರ ಆಯಸ್ಸು ಕಡಿಮೆಯಾಗುತ್ತದೆ. ದೊಡ್ಡವನ್ನು ಇಟ್ಟುಕೊಳ್ಳಿ. ಒಂದೂವರೆ ಅಡಿಗಿಂತ ಕಿರಿದಾದವನ್ನು ಇನ್ನೂ ಕೂರಿಸಿಲ್ಲವಾದರೆ ಬದಲಿಸಿಕೊಡಲು ಕೇಳಿ. ಮುಂದಿನ ಸಲ ಬೆಂಗಳೂರಿನ ಸುತ್ತಮುತ್ತ ಸೀಲ್ ಆದ ಯೂನಿಟ್ಟನ್ನೇ ತರಿಸಿ, ಎತ್ತರದ ವ್ಯತ್ಯಾಸ ಅಷ್ಟಾಗಿ ಇರುವುದಿಲ್ಲ. ಬಿಲ್ಲಿನಲ್ಲಿ ಗಾಜಿನ ದಪ್ಪ, ಸಂದು, ಲೇಪನ, ಎರಡು ಸೀಲಿನ ಹೆಸರು, ಮಂಜಿನ ಮೇಲಿನ ವಾರಂಟಿ ಎಷ್ಟು ವರ್ಷ ಎಂಬುದನ್ನು ಬರೆಸಿಕೊಳ್ಳಿ. ಕಿಟಕಿಯ ವಾರಂಟಿ ಎಂದಷ್ಟೇ ಬರೆದಿದ್ದರೆ ಅದು ಪ್ಲಾಸ್ಟಿಕ್ಕಿಗೆ ಮಾತ್ರ ಎಂದು ಆಮೇಲೆ ವಾದ ಬರುತ್ತದೆ.