ಬೋರ್ಡೋ ದ್ರಾವಣದ ಊರಿಗೆ ಓದಲು ಹೊರಟವರಿಗೆ

ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯಕ್ಕೆ ಸಂಬಂಧಿಸಿದವು: ಫ್ರಾನ್ಸಿನಲ್ಲಿ, ಅದರಲ್ಲೂ ಪ್ಯಾರಿಸ್ಸಿನ ಹೊರಗಿನ ಊರಿನಲ್ಲಿ, ಓದುವುದು. ಅಲ್ಲಿ ಎರಡು ವರ್ಷ ಓದಿ ಶಿವಮೊಗ್ಗಕ್ಕೆ ಮರಳಿದವನೆಂಬ ಸಲುಗೆಯಿಂದ ಉತ್ತರಿಸುತ್ತಿದ್ದೇನೆ. ಶುಲ್ಕ ಮತ್ತು ವೀಸಾ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಹಣ ಕಟ್ಟುವ ಮುನ್ನ ಆಯಾ ವರ್ಷದ ಅಂಕಿಗಳನ್ನು, ಅಲ್ಲಿ ಓದಬಯಸುವ ಹೊರದೇಶದವರಿಗೆ ಮಾರ್ಗದರ್ಶನ ನೀಡುವ ಫ್ರಾನ್ಸ್ ಸರ್ಕಾರದ ಕ್ಯಾಂಪಸ್ ಫ್ರಾನ್ಸ್ ಸಂಸ್ಥೆಯ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಬೇಕು.

ಪ್ರಶ್ನೆ: ನಾನು ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಸಸ್ಯರೋಗ ಶಾಸ್ತ್ರದ ಹೆಚ್ಚಿನ ಓದಿಗೆ ಬೋರ್ಡೋ ನಗರಕ್ಕೆ ಹೋಗುವ ಆಸೆಯಿದೆ. ಬೆಂಗಳೂರಿನಲ್ಲಿರುವ ಚಿಕ್ಕಪ್ಪ, ‘ಫ್ರಾನ್ಸಿಗೆ ಹೋಗುವುದಾದರೆ ಪ್ಯಾರಿಸ್ಸಿಗೇ ಹೋಗು, ಜಿಲ್ಲಾ ಕೇಂದ್ರದಂಥ ಊರಿಗೆ ಯಾಕೆ?’ ಎನ್ನುತ್ತಾರೆ. ಪಾಠ ಇಂಗ್ಲಿಷಿನಲ್ಲೇ ನಡೆಯುವ ಕೋರ್ಸಿಗೆ ಸೇರಿದರೂ ಫ್ರೆಂಚ್ ಕಲಿಯಲೇಬೇಕೇ?
– ವಿದ್ಯಾರ್ಥಿನಿ, ಸಾಗರ

ಉತ್ತರ: ನಿಮ್ಮ ಮನೆಯಲ್ಲಿ ಅಡಿಕೆ ತೋಟವಿದ್ದರೆ ಆ ಊರಿನ ಹೆಸರನ್ನು ಮಾತು ಕಲಿತಂದಿನಿಂದಲೂ ಕೇಳುತ್ತ ಬಂದಿದ್ದೀರಿ. ಮಳೆ ಹಿಡಿಯುವ ಮೊದಲು ಮೈಲುತುತ್ತ ಮತ್ತು ಸುಣ್ಣವನ್ನು ತಲಾ ಒಂದು ಕಿಲೋದಂತೆ ನೂರು ಲೀಟರ್ ನೀರಿಗೆ ಸೇರಿಸಿ ಅಡಿಕೆ ಗೊನೆಗಳಿಗೆ ಹೊಡೆಯುವ ದ್ರಾವಣಕ್ಕೆ ಬೋರ್ಡೋ ಎಂಬ ಹೆಸರು ಬಂದದ್ದು ಅದೇ ನಗರದಿಂದ. 1878ರ ಹೊತ್ತಿಗೆ ಅಮೆರಿಕದಿಂದ ಬಂದ ಬೂಜು ತುಪ್ಪಟ ರೋಗ ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಬೋಳಾಗಿಸುತ್ತಿದ್ದಾಗ, ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಮಿಯಾರ್ದೆ ಅವರು ಮೆದೊಕ್ ಪ್ರದೇಶದ ರಸ್ತೆಯಂಚಿನ ಬಳ್ಳಿಗಳಲ್ಲಿ ಮಾತ್ರ ಎಲೆ ಉದುರದೆ ಉಳಿದಿರುವುದನ್ನು ಗಮನಿಸಿದರು. ದಾರಿಹೋಕರು ಹಣ್ಣು ಕದಿಯದಿರಲೆಂದು ತೋಟದವರು ಆ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಎರಚಿದ್ದರು. ಕಳ್ಳರಿಗಾಗಿ ಮಾಡಿದ ಉಪಾಯ ರೋಗಕ್ಕೆ ಮದ್ದಾಗಿ, ಮಿಯಾರ್ದೆಯವರ ಪ್ರಯೋಗಗಳ ನಂತರ 1885ರಲ್ಲಿ ಪ್ರಕಟವಾಯಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ನಮ್ಮ ಅಡಿಕೆಯ ಕೊಳೆ ರೋಗದ ಬಗ್ಗೆ ವರದಿ ಬರೆದರು. ಅಲ್ಲಿಂದ ಮುಂದಿನದು ನಿಮ್ಮ ಅಜ್ಜನವರಿಗೇ ಗೊತ್ತಿರುವ ಕಥೆ. ದ್ರಾಕ್ಷಿಯ ಆ ರೋಗವನ್ನು ತರುವ ಜೀವಿಯೂ ಕೊಳೆ ರೋಗವನ್ನು ತರುವ ಫೈಟಾಫ್ತೊರಾವೂ ಶಿಲೀಂಧ್ರದಂತೆ ಕಂಡರೂ ಶಿಲೀಂಧ್ರವಲ್ಲದ ಒಂದೇ ಬಳಗಕ್ಕೆ ಸೇರಿದವು. ಪ್ರವೇಶಕ್ಕೂ ವೀಸಾಕ್ಕೂ ‘ಈ ಊರೇ ಯಾಕೆ, ಈ ವಿಷಯವೇ ಯಾಕೆ’ ಎಂದು ಕೇಳುತ್ತಾರೆ. ‘ಐರೋಪ್ಯ ಸಂಸ್ಕೃತಿಯಲ್ಲಿ ಆಸಕ್ತಿ’ ಎಂದು ಎಲ್ಲರೂ ಬರೆಯುವುದನ್ನು ಬಿಟ್ಟು ನಿಮ್ಮ ತೋಟದಿಂದಲೇ ಆರಂಭಿಸಿ.

ಚಿಕ್ಕಪ್ಪನವರಿಗೆ ಎರಡು ಸಂಗತಿ ತಿಳಿಸಿ. ಬೋರ್ಡೋದಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1441ರಲ್ಲಿ, ಅಂದರೆ ವಿಜಯನಗರದಲ್ಲಿ ಇಮ್ಮಡಿ ದೇವರಾಯ ಆಳುತ್ತಿದ್ದ ಕಾಲದಲ್ಲಿ. 2017ರಲ್ಲಿ ಹೊಸ ಹಳಿ ಆರಂಭವಾದ ಮೇಲೆ ಪ್ಯಾರಿಸ್ಸಿನಿಂದ ಅಲ್ಲಿಗೆ ವೇಗದ ರೈಲಿನಲ್ಲಿ ಎರಡು ಗಂಟೆಯ ಮೇಲೆ ಕೆಲವೇ ನಿಮಿಷಗಳ ದಾರಿ. ಶಿವಮೊಗ್ಗದಿಂದ ಬೆಂಗಳೂರಿಗೆ ರೈಲು ಹಿಡಿದವರಿಗೆ ಇದು ದೂರವೇ ಅಲ್ಲ. ಪ್ಯಾರಿಸ್ಸಿನಲ್ಲಿ ಬಾಡಿಗೆಯೂ ಹೆಚ್ಚು, ನಿತ್ಯದ ಓಡಾಟವೂ ಹೆಚ್ಚು. ಬೋರ್ಡೋದಲ್ಲಿ ತಾಲಾನ್ಸ್ ಮತ್ತು ಪೆಸಾಕ್ ಬಡಾವಣೆಗಳ ಕ್ಯಾಂಪಸ್ಸಿಗೆ ನಗರದ ನಡುವಿನಿಂದ ಟ್ರಾಮ್ ಇದೆ. ದ್ರಾಕ್ಷಿ ಬಳ್ಳಿಯ ಸಂಶೋಧನೆಗೆಂದೇ ಮೀಸಲಾದ ಸಂಸ್ಥೆ ಪಕ್ಕದ ವಿಲ್ನಾವ್ ದೋರ್ನೊಂನಲ್ಲಿದೆ. ನಿಮ್ಮ ವಿಷಯಕ್ಕೆ ಬೋರ್ಡೋ ಪ್ಯಾರಿಸ್ಸಿನ ಬದಲಿ ಊರಲ್ಲ, ಮೊದಲ ಊರು.

ಆದರೆ ಫ್ರೆಂಚ್ ಕಲಿಯಲೇಬೇಕು, ಮತ್ತು ಹೊರಡುವ ಮೊದಲೇ ಕಲಿಯಬೇಕು. ಪಾಠ ಇಂಗ್ಲಿಷಿನಲ್ಲಿರಬಹುದು, ತರಗತಿಯ ಬಾಗಿಲಾಚೆ ಇಡೀ ಊರು ಫ್ರೆಂಚಿನಲ್ಲಿ ನಡೆಯುತ್ತದೆ. ಮನೆ ಮಾಲೀಕರು, ಬ್ಯಾಂಕಿನ ಗುಮಾಸ್ತರು, ವೈದ್ಯರ ಸಮಯ ಗೊತ್ತುಮಾಡುವವರು, ವಿದ್ಯುತ್ ಬಿಲ್ಲು ಕಳಿಸುವವರು, ಇವರಾರೂ ನಿಮ್ಮ ಇಂಗ್ಲಿಷಿಗಾಗಿ ಕಾಯುವುದಿಲ್ಲ. ಪ್ಯಾರಿಸ್ಸಿನಲ್ಲಿ ಇಂಗ್ಲಿಷಿನಿಂದ ಹೇಗೋ ದಿನ ದೂಡಬಹುದು, ಪ್ರಾಂತೀಯ ನಗರದಲ್ಲಿ ಅದು ಕಷ್ಟ. ಇದನ್ನು ನಾನು ದೋಷವೆಂದು ಹೇಳುತ್ತಿಲ್ಲ. ಭಾಷೆ ನಿಜವಾಗಿ ಬರುವುದು ಇಂಥ ಊರಿನಲ್ಲೇ. ಐರೋಪ್ಯ ಭಾಷಾಮಟ್ಟದ ಅಳತೆಯಲ್ಲಿ ಹೊರಡುವ ಹೊತ್ತಿಗೆ ಎ2 ಎಂಬ ಎರಡನೆಯ ಹಂತವಾದರೂ ಮುಗಿದಿರಲಿ, ಅದರ ಮುಂದಿನ ಬಿ1 ಆದರೆ ಇನ್ನೂ ಉತ್ತಮ. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್ ಆನ್‌ಲೈನ್ ತರಗತಿಗಳನ್ನು ನಡೆಸುವುದರಿಂದ ಸಾಗರದಲ್ಲಿದ್ದುಕೊಂಡೇ ಕಲಿಯಬಹುದು, ಪರೀಕ್ಷೆಗೆ ಮಾತ್ರ ಹೋಗಿಬಂದರಾಯಿತು.

ಕನ್ನಡದವರಿಗೆ ಒಂದು ಅನುಕೂಲವಿದೆ. ‘ನೀನು’ ಮತ್ತು ‘ನೀವು’ಗಳ ಅಂತರವನ್ನು ಇಂಗ್ಲಿಷಿನವರು ವರ್ಷಗಟ್ಟಲೆ ತಡವರಿಸಿ ಕಲಿಯುತ್ತಾರೆ, ‘ತ್ಯು’ ಮತ್ತು ‘ವೂ’ ನಿಮಗೆ ಮೊದಲ ದಿನವೇ ಅರ್ಥವಾಗುತ್ತದೆ. ತೊಡಕಿರುವುದು ಬೇರೆ ಕಡೆ. ಕನ್ನಡದಲ್ಲಿ ಜೀವವಿಲ್ಲದ್ದೆಲ್ಲ ನಪುಂಸಕ, ಅಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ನಾವು ಬಸ್ಸಿಗೂ ಕಾರಿಗೂ ಕೊನೆಯಲ್ಲಿ ಒಂದು ‘ಉ’ಕಾರ ಸೇರಿಸಿ ಬಸ್ಸು, ಕಾರು ಮಾಡಿಕೊಂಡವರು, ಅವರು ಬರೆದ ಕೊನೆಯ ವ್ಯಂಜನವನ್ನೂ ಬಹಳ ಕಡೆ ನುಂಗುತ್ತಾರೆ. ಎಪ್ಪತ್ತಕ್ಕೆ ‘ಅರವತ್ತು-ಹತ್ತು’, ಎಂಬತ್ತಕ್ಕೆ ‘ನಾಲ್ಕು ಇಪ್ಪತ್ತು’, ತೊಂಬತ್ತಕ್ಕೆ ‘ನಾಲ್ಕು ಇಪ್ಪತ್ತು-ಹತ್ತು’ ಎನ್ನುತ್ತಾರೆ. ದೂರವಾಣಿ ಸಂಖ್ಯೆಯನ್ನು ಎರಡೆರಡು ಅಂಕಿಯಾಗಿ ಹೇಳುವುದರಿಂದ ಈ ಲೆಕ್ಕ ಕಿವಿಗೆ ಕೂರದವರು ಒಂದು ನಂಬರನ್ನೂ ಸರಿಯಾಗಿ ಬರೆದುಕೊಳ್ಳಲಾರರು. ಇನ್ನು ಚಾಕೊಲೇಟ್ ತುಂಬಿದ ಬ್ರೆಡ್ಡನ್ನು ಪ್ಯಾರಿಸ್ಸಿನವರಂತೆ ‘ಪ್ಯಾಂ ಓ ಶೊಕೊಲಾ’ ಎಂದು ಕೇಳಬೇಡಿ, ಬೋರ್ಡೋದಲ್ಲಿ ಅದು ‘ಶೊಕೊಲಾತೀನ್’. ಈ ಹೆಸರಿನ ಬಗ್ಗೆ ಅಲ್ಲಿಯವರಿಗೆ ಇರುವ ಅಭಿಮಾನ ನಮ್ಮವರಿಗೆ ತೊಡದೇವಿನ ಬಗ್ಗೆ ಇರುವುದಕ್ಕಿಂತ ಕಡಿಮೆಯೇನಲ್ಲ.

ಅಂಕಗಳ ಬಗ್ಗೆಯೂ ಒಂದು ಮಾತು. ಅಲ್ಲಿ ಎಲ್ಲವೂ 20ಕ್ಕೆ. 10 ಬಂದರೆ ಉತ್ತೀರ್ಣ, 12 ಪರವಾಗಿಲ್ಲ, 14 ಚೆನ್ನಾಗಿದೆ, 16 ಬಹಳ ಚೆನ್ನಾಗಿದೆ. ಶೇಕಡಾ 90ರ ಲೆಕ್ಕದಲ್ಲಿ ಬೆಳೆದವರು ಮೊದಲ ಸೆಮಿಸ್ಟರಿನಲ್ಲಿ 13 ನೋಡಿ ಊರಿಗೆ ಫೋನ್ ಮಾಡಿ ಅಳುವುದನ್ನು ಕಂಡಿದ್ದೇನೆ. 13 ಅಳುವ ಅಂಕವಲ್ಲ.

ಪ್ರಶ್ನೆ: ನಮಗೆ ಮೂರು ಎಕರೆ ಅಡಿಕೆ ತೋಟವಿದೆ. ಮಗ ಫ್ರಾನ್ಸಿನ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಎರಡು ವರ್ಷದ ಕೋರ್ಸಿಗೆ ಹೋಗುತ್ತೇನೆನ್ನುತ್ತಾನೆ. ‘ಅಲ್ಲಿ ಓದು ಪುಕ್ಕಟೆ, ಕೆಲಸ ಮಾಡಿ ಖರ್ಚು ತೂಗಿಸಬಹುದು’ ಎಂದು ಒಬ್ಬ ಏಜೆಂಟ್ ಹೇಳಿದ್ದಾನೆ. ಎಷ್ಟು ಹಣ ಹೊಂದಿಸಬೇಕು?
– ಒಬ್ಬ ತಂದೆ, ಹೊಸನಗರ ತಾಲ್ಲೂಕು

ಉತ್ತರ: ಪುಕ್ಕಟೆ ಎಂಬುದು ಹಳೆಯ ಮಾತು. 2019ರಿಂದ ಐರೋಪ್ಯ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಪದವಿಗೆ ವರ್ಷಕ್ಕೆ 2,770, ಸ್ನಾತಕೋತ್ತರಕ್ಕೆ 3,770 ಯೂರೊ ಶುಲ್ಕ ನಿಗದಿಯಾಯಿತು. ನಂತರದ ವರ್ಷಗಳಲ್ಲಿ ಅದು ಸ್ವಲ್ಪ ಸ್ವಲ್ಪವೇ ಏರಿದೆ. ಕೆಲವು ವಿಶ್ವವಿದ್ಯಾಲಯಗಳು ಇದರಲ್ಲಿ ರಿಯಾಯಿತಿ ಕೊಡುತ್ತವೆ, ಆದ್ದರಿಂದ ಪ್ರವೇಶ ಪತ್ರ ಬಂದ ಕೂಡಲೇ ಅದನ್ನು ಬರವಣಿಗೆಯಲ್ಲಿ ಕೇಳಿ. ಇದಲ್ಲದೆ ವಿದ್ಯಾರ್ಥಿ ಜೀವನದ ವಂತಿಗೆಯೆಂದು ಸುಮಾರು 100 ಯೂರೊ ಕಟ್ಟಬೇಕು. ವೀಸಾಕ್ಕೆ ತಿಂಗಳಿಗೆ 615 ಯೂರೊ ಲೆಕ್ಕದಲ್ಲಿ, ಅಂದರೆ ವರ್ಷಕ್ಕೆ 7,380 ಯೂರೊ, ತೋರಿಸುವುದು ರೂಢಿಯಲ್ಲಿರುವ ನಿಯಮ. ಶುಲ್ಕವನ್ನೂ ಸೇರಿಸಿ, ಯೂರೊಗೆ ನೂರು ರೂಪಾಯಿ ಎಂದು ಹಿಡಿದರೆ, ಮೊದಲ ವರ್ಷಕ್ಕೆ ವಿಮಾನದ ಖರ್ಚು ಬಿಟ್ಟು ಹನ್ನೊಂದರಿಂದ ಹನ್ನೆರಡು ಲಕ್ಷ. ನನ್ನ ಸಲಹೆ ಕೇಳಿದರೆ ಇನ್ನೊಂದು ಲಕ್ಷ ಕೈಯಲ್ಲಿರಲಿ, ಏಕೆಂದರೆ 615 ಯೂರೊದಲ್ಲಿ ತಿಂಗಳು ಕಳೆಯುವುದು ಸರ್ಕಾರಿ ವಿದ್ಯಾರ್ಥಿನಿಲಯ ಸಿಕ್ಕವರಿಗೆ ಮಾತ್ರ ಸಾಧ್ಯ. ಅಲ್ಲಿನ ಸಾಮಾನ್ಯ ಕೋಣೆ 9 ಚದರ ಮೀಟರ್, ಅಂದರೆ ಹತ್ತಡಿಗೆ ಹತ್ತಡಿಗಿಂತ ತುಸು ಚಿಕ್ಕದು. ನಿಮ್ಮ ಮನೆಯ ಜಗಲಿಯ ಒಂದು ಮೂಲೆಯಷ್ಟು. ಅದು ಸಿಗದಿದ್ದರೆ ಖಾಸಗಿ ಕೋಣೆಯ ಬಾಡಿಗೆ 500 ಯೂರೊ ದಾಟುವುದು ದೊಡ್ಡ ನಗರಗಳಲ್ಲಿ ಸಾಮಾನ್ಯ. ಮಾಲೀಕರು ಫ್ರಾನ್ಸಿನಲ್ಲೇ ಇರುವ ಜಾಮೀನುದಾರರನ್ನು ಕೇಳುತ್ತಾರೆ. ಅದಕ್ಕೆ ‘ವಿಜಾಲ್’ ಎಂಬ ಉಚಿತ ಜಾಮೀನು ವ್ಯವಸ್ಥೆಯಿದೆ, ಯಾರಿಗೂ ದುಡ್ಡು ಕೊಟ್ಟು ಜಾಮೀನು ಹಿಡಿಯಬೇಡಿ.

ವಿದ್ಯಾರ್ಥಿಗೆ ವರ್ಷಕ್ಕೆ 964 ಗಂಟೆ ಕೆಲಸ ಮಾಡಲು ಅನುಮತಿಯಿದೆ ಎಂಬುದು ನಿಜ. ಆದರೆ ಫ್ರೆಂಚ್ ಬಾರದವನಿಗೆ ಹೋಟೆಲಿನ ಹಿಂದುಗಡೆಯ ಕೆಲಸವೂ ಸುಲಭವಾಗಿ ಸಿಗುವುದಿಲ್ಲ. ಮೊದಲ ವರ್ಷದ ಲೆಕ್ಕಕ್ಕೆ ಆ ಸಂಪಾದನೆಯನ್ನು ಸೇರಿಸಲೇಬಾರದು. ಮನೆ ಬಾಡಿಗೆಗೆ ಅಲ್ಲಿನ ಸರ್ಕಾರ ಕೊಡುವ ನೆರವನ್ನೂ ನೆಚ್ಚಬೇಡಿ. ಹೊರದೇಶದ ವಿದ್ಯಾರ್ಥಿಗಳ ಮಟ್ಟಿಗೆ ಆ ನಿಯಮ ಬಿಗಿಯಾಗುತ್ತಿದೆ.

ನಿಮ್ಮಂಥ ಬೆಳೆಗಾರರಿಗೆ ನಿಜವಾದ ತೊಂದರೆ ಬೇರೆ. ನಮ್ಮ ಆಸ್ತಿ ಅಟ್ಟದ ಮೇಲಿನ ಮೂಟೆಯಲ್ಲಿರುತ್ತದೆ, ವೀಸಾ ಅಧಿಕಾರಿ ನೋಡುವುದು ಬ್ಯಾಂಕಿನ ಖಾತೆಯನ್ನು. ಶುಲ್ಕ ಮತ್ತು ವೀಸಾದ ಹೊತ್ತು ಬರುವುದು ಜೂನ್‌ನಿಂದ ಆಗಸ್ಟ್ ವರೆಗೆ, ಮಳೆಯ ನಡುವೆ ಔಷಧಿ ಹೊಡೆಸುವುದಕ್ಕೇ ಕೈಯಲ್ಲಿ ಹಣ ಸಾಲದ ಕಾಲದಲ್ಲಿ. ಧಾರಣೆ ಏರಲಿ ಎಂದು ಕಾಯದೆ ಬೇಸಿಗೆಯಲ್ಲೇ ಬೇಕಾದಷ್ಟು ಅಡಿಕೆ ಮಾರಿ, ಅಡಿಕೆ ಮಾರಾಟದ ಸಹಕಾರ ಸಂಘವಾದ ಮ್ಯಾಮ್ಕೋಸ್ ಅಥವಾ ಮಂಡಿಯ ಪಟ್ಟಿಗಳನ್ನು ಜೋಪಾನ ಮಾಡಿ, ಹಣವನ್ನು ಖಾತೆಯಲ್ಲಿ ಕೆಲವು ತಿಂಗಳು ನಿಲ್ಲಿಸಿ. ವೀಸಾದ ಹಿಂದಿನ ವಾರ ನೆಂಟರಿಂದ ತಂದು ಹಾಕಿದ ಹಣ ನೋಡಿದ ಕೂಡಲೇ ಗೊತ್ತಾಗುತ್ತದೆ. ಸಾಲದ ವಿಷಯಕ್ಕೆ ಬಂದರೆ, ಕೃಷಿ ಜಮೀನನ್ನು ಶಿಕ್ಷಣ ಸಾಲಕ್ಕೆ ಅಡವಾಗಿ ಪಡೆಯಲು ಹೆಚ್ಚಿನ ಬ್ಯಾಂಕುಗಳು ಹಿಂಜರಿಯುತ್ತವೆ; ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಕೇಂದ್ರ ಸರ್ಕಾರದ ಖಾತರಿ ಯೋಜನೆಯಿದೆ (ಸಿಜಿಎಫ್‌ಎಸ್‌ಇಎಲ್, ಅಂದರೆ ಕ್ರೆಡಿಟ್ ಗ್ಯಾರಂಟಿ ಫಂಡ್ ಸ್ಕೀಮ್ ಫಾರ್ ಎಜುಕೇಶನ್ ಲೋನ್ಸ್), ಅದನ್ನು ಹೆಸರು ಹೇಳಿಯೇ ಕೇಳಿ. ಪರಿಶಿಷ್ಟ ಜಾತಿ ಮತ್ತು ಪಂಗಡದವರಾಗಿದ್ದರೆ ರಾಜ್ಯದ ‘ಪ್ರಬುದ್ಧ’ ವಿದ್ಯಾರ್ಥಿವೇತನವಿದೆ. ಫ್ರಾನ್ಸ್ ಸರ್ಕಾರದ ಐಫೆಲ್ ವಿದ್ಯಾರ್ಥಿವೇತನಕ್ಕೆ ವಿದ್ಯಾರ್ಥಿ ನೇರವಾಗಿ ಅರ್ಜಿ ಹಾಕುವಂತಿಲ್ಲ, ಅಲ್ಲಿನ ವಿದ್ಯಾಸಂಸ್ಥೆಯೇ ಹೆಸರು ಕಳಿಸಬೇಕು. ಆದ್ದರಿಂದ ಹಿಂದಿನ ವರ್ಷದ ದೀಪಾವಳಿಯ ಹೊತ್ತಿಗೇ ಆ ಸಂಸ್ಥೆಗೆ ಬರೆಯಲು ಮಗನಿಗೆ ಹೇಳಿ. ಏಜೆಂಟನ ಅಗತ್ಯ ಇದರಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಪ್ರಶ್ನೆ: ನನ್ನ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್ ಇವೆ, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿಯಿದೆ. ತೊಂದರೆಯಾಗುತ್ತದೆಯೇ?
– ಪದವಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಆಗುತ್ತದೆ. ಮನೆತನದ ಹೆಸರಿಲ್ಲದ ಮನುಷ್ಯನನ್ನು ಫ್ರಾನ್ಸಿನ ಅರ್ಜಿ ನಮೂನೆಗಳು ಕಲ್ಪಿಸಿಕೊಳ್ಳಲಾರವು. ನಿಮ್ಮೂರಿನ ಹೆಸರೂ ತಂದೆಯ ಹೆಸರೂ ಸೇರಿ ‘ಎಸ್. ಆರ್.’ ಆಗಿದೆ ಎಂದು ಅಲ್ಲಿನ ಗುಮಾಸ್ತರಿಗೆ ವಿವರಿಸಲು ಹೊರಟರೆ ಅವರಿಗೂ ನಿಮಗೂ ಅರ್ಧ ದಿನ ಹಾಳು. ಇನಿಷಿಯಲ್ ಬಿಡಿಸಿದ ಪಾಸ್‌ಪೋರ್ಟನ್ನು ಮೊದಲು ಮಾಡಿಸಿ, ಉಳಿದ ಎಲ್ಲ ಅರ್ಜಿಗಳನ್ನೂ ಅದರಲ್ಲಿರುವ ಅಕ್ಷರಗಳಂತೆಯೇ ತುಂಬಿ. ತಂದೆತಾಯಿಯ ಹೆಸರಿರುವ ಜನನ ಪ್ರಮಾಣಪತ್ರಕ್ಕೆ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ ಮುದ್ರೆ (ದಾಖಲೆ ಅಸಲಿಯೆಂದು ಹೊರದೇಶದವರಿಗೆ ದೃಢಪಡಿಸುವ ಮುದ್ರೆ) ಹಾಕಿಸಿಕೊಂಡು ಹೋಗುವುದು ಒಳ್ಳೆಯದು. ಅಲ್ಲಿನ ಆರೋಗ್ಯ ವಿಮೆಯ ಶಾಶ್ವತ ಸಂಖ್ಯೆಗೆ ಅದನ್ನು ಕೇಳುತ್ತಾರೆ. ವಿಮೆಗೆ ವಿದ್ಯಾರ್ಥಿ ಏನೂ ಕಟ್ಟಬೇಕಿಲ್ಲ, ಸಾಮಾನ್ಯ ವೈದ್ಯರ 30 ಯೂರೊ ಶುಲ್ಕದಲ್ಲಿ 19 ಯೂರೊ ಮರಳಿ ಬರುತ್ತದೆ. ಆದರೆ ಕಾಗದ ಸರಿಯಿಲ್ಲದವರು ತಿಂಗಳುಗಟ್ಟಲೆ ಕಾಯುತ್ತಾರೆ. ತಲುಪಿದ ಮೂರು ತಿಂಗಳೊಳಗೆ ವೀಸಾವನ್ನು ಆನ್‌ಲೈನಿನಲ್ಲಿ ಊರ್ಜಿತಗೊಳಿಸುವುದನ್ನೂ ಮರೆಯಬೇಡಿ.

ಪ್ರಶ್ನೆ: ಮಗಳು ಸೆಪ್ಟೆಂಬರಿನಲ್ಲಿ ಹೊರಡುತ್ತಾಳೆ. ನಾವು ಸಸ್ಯಾಹಾರಿಗಳು. ತುಪ್ಪ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೇನುತುಪ್ಪ, ಕರಿಬೇವು ಕಟ್ಟಿಕೊಡಬೇಕೆಂದಿದ್ದೇನೆ. ಬಿಡುತ್ತಾರೆಯೇ?
– ಒಬ್ಬ ತಾಯಿ, ಕೊಪ್ಪ

ಉತ್ತರ: ತುಪ್ಪ ಬೇಡ, ಅಮ್ಮ. ಹೊರದೇಶದ ಹಾಲು ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ. ಖೋವಾ ಸಿಹಿಯೂ ಹಾಗೆಯೇ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುವುದರಿಂದ ಅದೂ ಬೇಡ. ಜೇನುತುಪ್ಪ ಎರಡು ಕಿಲೋವರೆಗೆ ಆಗುತ್ತದೆ. ಹಪ್ಪಳಕ್ಕೂ ಉಪ್ಪಿನಕಾಯಿಗೂ ಅಡ್ಡಿಯಿಲ್ಲ. ತುಪ್ಪದ ಚಿಂತೆ ಬಿಡಿ: ಉಪ್ಪಿಲ್ಲದ ಬೆಣ್ಣೆ, ಅಲ್ಲಿನವರು ‘ಬರ್ ದೂ’ ಎನ್ನುವುದು, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಕಾಯಿಸುವುದನ್ನು ಮಗಳಿಗೆ ಈಗಲೇ ಕಲಿಸಿ. ‘ಸೆಮೂಲ್ ಫೀನ್’ ಎಂಬ ಸಣ್ಣ ರವೆಯಲ್ಲಿ ಉಪ್ಪಿಟ್ಟಾಗುತ್ತದೆ, ಅಕ್ಕಿ, ಬೇಳೆ, ಮೊಸರು ಸಿಗುತ್ತವೆ.

ಹೊರಗೆ ತಿನ್ನುವಾಗ ಭಾಷೆಯೇ ಕಾಪಾಡಬೇಕು. ಸಸ್ಯಾಹಾರಿ ಎಂದರೆ ಮೀನು ತಿನ್ನಬಹುದೆಂದು ತಿಳಿಯುವವರಿದ್ದಾರೆ, ಆದ್ದರಿಂದ ‘ಸಾಂ ವಿಯಾಂದ್, ಸಾಂ ಪ್ವಾಸೊಂ’, ಮಾಂಸವೂ ಬೇಡ, ಮೀನೂ ಬೇಡ, ಎಂದು ಬಿಡಿಸಿ ಹೇಳಬೇಕು. ಹಳೆಯ ಹೆಸರಾಂತ ಚೀಸುಗಳಲ್ಲಿ ಹಲವನ್ನು ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ. ಬೋರ್ಡೋದ ಪ್ರಸಿದ್ಧ ಕನ್ನೆಲೆ ಎಂಬ ಸಿಹಿಯಲ್ಲಿ ಮೊಟ್ಟೆಯೂ ರಮ್ಮೂ ಇರುತ್ತದೆ. ತಿಳಿದು ನಿರ್ಧರಿಸುವುದು ಮಗಳಿಗೆ ಬಿಟ್ಟದ್ದು.

ಟಿಕೆಟ್ ಕಾಯ್ದಿರಿಸುವಾಗ ಭಾನುವಾರ ತಲುಪದಂತೆ ನೋಡಿಕೊಳ್ಳಿ. ನಾನು ಭಾನುವಾರ ಮಧ್ಯಾಹ್ನ ಇಳಿದೆ. ವಿದ್ಯಾರ್ಥಿನಿಲಯದ ಕಚೇರಿಗೆ ಬೀಗ, ಹೆಚ್ಚಿನ ಅಂಗಡಿಗಳಿಗೂ ಬೀಗ. ಅಮ್ಮ ಕಟ್ಟಿಕೊಟ್ಟಿದ್ದ ಚಪಾತಿ ಮತ್ತು ಚಟ್ನಿಪುಡಿಯಲ್ಲಿ ಸೋಮವಾರ ಬೆಳಗಿನವರೆಗೆ ಕಳೆದೆ. ಮಿಡಿ ಉಪ್ಪಿನಕಾಯಿಯ ರಸವೂ ದ್ರವದ ಲೆಕ್ಕಕ್ಕೇ ಸೇರುವುದರಿಂದ ಭದ್ರತಾ ತಪಾಸಣೆಯಲ್ಲಿ ಕೈಚೀಲದಿಂದ ಎತ್ತಿಡುತ್ತಾರೆ. ಅದನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿದು ದೊಡ್ಡ ಪೆಟ್ಟಿಗೆಯೊಳಗೆ, ಬಟ್ಟೆಗಳಿಂದ ದೂರವಾಗಿ, ಇಡಿ.